ಓದುಗರ ಪ್ರಶ್ನೆ: ಮಾಡಿಫೈ ಮಾಡಿಸಿದ ಗಾಡಿಗೆ ಎಷ್ಟು ಬೆಲೆ ಹೇಳಬೇಕು?

ಪ್ರಶ್ನೆ: ನನ್ನದು 2021ರ ಮಹೀಂದ್ರಾ ಥಾರ್. ಎಎಕ್ಸ್ ಆಪ್ಷನಲ್, ಡೀಸೆಲ್, ಸಾಫ್ಟ್ ಟಾಪ್. ಮೀಟರ್‌ನಲ್ಲಿ 62,000 ಕಿ.ಮೀ. ಇದೆ. ತೆಗೆದುಕೊಂಡ ತಿಂಗಳೇ 265/75 ಆರ್16 ಟೈರು, ಅಲಾಯ್ ಹಾಕಿಸಿದೆ. ಆಮೇಲೆ ಗಾಡಿ ಎತ್ತರಿಸುವ ಎರಡು ಇಂಚಿನ ಲಿಫ್ಟ್ ಕಿಟ್, ಸಿಕ್ಕಿಕೊಂಡ ಗಾಡಿ ಎಳೆಯುವ ವಿಂಚ್, ಕಬ್ಬಿಣದ ಬಂಪರ್, ಎಲ್‌ಇಡಿ ಲೈಟು, ಆಡಿಯೊ ಸೇರಿ ಒಟ್ಟು 3.60 ಲಕ್ಷ ಖರ್ಚಾಗಿದೆ. ಈಗ ಮಾರಲು ಹೋದರೆ ಡೀಲರುಗಳು ಮಾಮೂಲಿ ಥಾರ್‌ಗಿಂತಲೂ ಕಮ್ಮಿಗೆ ಕೇಳುತ್ತಿದ್ದಾರೆ. ಇದು ನ್ಯಾಯವೇ? ನಾನು ಎಷ್ಟು ಹೇಳಬಹುದು?
— ಓದುಗರು, ಸಕಲೇಶಪುರ

ಉತ್ತರ: ಡೀಲರ್ ಕಮ್ಮಿಗೆ ಕೇಳುವುದಕ್ಕೆ ಕಾರಣವಿದೆ. ಅವರು ನಿಮ್ಮ ಗಾಡಿಯನ್ನು ಸಾಲ ಮಾಡಿ ಕೊಳ್ಳುವ ಸಾಮಾನ್ಯ ಗಿರಾಕಿಗೆ ಮಾರಬೇಕು. ಆ ಗಿರಾಕಿಗೆ ವಿಂಚ್ ಬೇಡ, ಲಿಫ್ಟ್ ಅಂದರೆ ಭಯ. ಹಾಗಾಗಿ ಎಲ್ಲವನ್ನೂ ಬಿಚ್ಚಿ ಕಂಪನಿಯಿಂದ ಬಂದ ಹಾಗೆ ಮಾಡಲು ಆಗುವ ಖರ್ಚನ್ನು ಡೀಲರ್ ನಿಮ್ಮ ಬೆಲೆಯಲ್ಲೇ ಮುರಿದುಕೊಳ್ಳುತ್ತಾರೆ. ನೀವು ಮಾಡಬೇಕಾದ ಮೊದಲ ಕೆಲಸ, 3.60 ಲಕ್ಷ ಎಂಬ ಅಂಕಿಯನ್ನು ಲೆಕ್ಕದಿಂದ ಆಚೆ ಇಡುವುದು. ಅದು ನಿಮ್ಮ ಸಂತೋಷಕ್ಕೆ ಕೊಟ್ಟ ದುಡ್ಡು. ಕೊಳ್ಳುವವರಿಗೂ ಅದಕ್ಕೂ ಸಂಬಂಧವಿಲ್ಲ.

ಶುರು ಮಾಡಬೇಕಾದದ್ದು ಏನೂ ಹಾಕಿಸದ ಥಾರ್‌ನ ಬೆಲೆಯಿಂದ. ಅದೇ ವರ್ಷ, ಅದೇ ವೇರಿಯಂಟ್, ಕರ್ನಾಟಕದ್ದೇ ನೋಂದಣಿ, ಕಿಲೋಮೀಟರ್ ಹತ್ತು ಸಾವಿರ ಆಚೀಚೆ ಇರುವ ಎಂಟು ಜಾಹೀರಾತು ಗುರುತು ಹಾಕಿಕೊಳ್ಳಿ. ತೀರಾ ಮೇಲಿನದು, ತೀರಾ ಕೆಳಗಿನದು ಬಿಟ್ಟು ಉಳಿದವರಿಗೆ ಫೋನ್ ಮಾಡಿ. ಜಾಹೀರಾತಿನಲ್ಲಿ ಇರುವುದು ಹೇಳುವ ಬೆಲೆ. ‘ಕೊನೆಗೆ ಎಷ್ಟಕ್ಕೆ ಕೊಡ್ತೀರಿ’ ಅಂದಾಗ ಬರುವ ಅಂಕಿಯನ್ನೇ ಬರೆದುಕೊಳ್ಳಿ. ಇನ್ಶೂರೆನ್ಸ್ ಪಾಲಿಸಿಯ ಐಡಿವಿಯನ್ನು, ಅಂದರೆ ವಿಮೆಗಾಗಿ ಗಾಡಿಗೆ ಕಟ್ಟಿದ ಬೆಲೆಯನ್ನು, ಮಾರುವ ಬೆಲೆ ಎಂದುಕೊಳ್ಳಬೇಡಿ. ಅದು ಪಟ್ಟಿಯ ಪ್ರಕಾರ ಇಳಿಯುತ್ತದೆ: ಮೂರರಿಂದ ನಾಲ್ಕು ವರ್ಷಕ್ಕೆ ಶೇ. 40, ನಾಲ್ಕರಿಂದ ಐದಕ್ಕೆ ಶೇ. 50. ಥಾರ್‌ನಂಥ ಗಾಡಿಗೆ ಮಾರುಕಟ್ಟೆ ಅಷ್ಟು ಬೇಗ ಇಳಿಯುವುದಿಲ್ಲ.

ಈಗ ಮೀಟರ್ ವಿಷಯ. ನಿಮ್ಮ ವೇರಿಯಂಟ್‌ಗೆ ಕಂಪನಿಯ ಟೈರು 245/75 ಆರ್16, ಅಂದರೆ ಸುಮಾರು 774 ಮಿ.ಮೀ. ಎತ್ತರ. 265/75 ಆರ್16 ಸುಮಾರು 804 ಮಿ.ಮೀ. ಒಂದು ಸುತ್ತಿಗೆ ಗಾಡಿ ಶೇ. 3.9 ಜಾಸ್ತಿ ದೂರ ಹೋಗುತ್ತದೆ, ಮೀಟರ್‌ಗೆ ಅದು ಗೊತ್ತಾಗುವುದಿಲ್ಲ. ನಿಮ್ಮ 62,000 ನಿಜವಾಗಿ 64,400ರ ಹತ್ತಿರ. ತಿಳಿದ ಗಿರಾಕಿ ಇದನ್ನು ಕೇಳಿಯೇ ಕೇಳುತ್ತಾನೆ. ಮೊದಲೇ ನೀವೇ ಹೇಳಿಬಿಟ್ಟರೆ ಉಳಿದ ಮಾತಿಗೂ ತೂಕ ಬರುತ್ತದೆ.

ಆಮೇಲೆ ಹಾಕಿಸಿದ್ದನ್ನು ಮೂರು ಗುಡ್ಡೆ ಮಾಡಿ. ಬೋಲ್ಟ್ ಬಿಚ್ಚಿದರೆ ಬೇರೆ ಗಾಡಿಗೆ ಹಾಕಬಹುದಾದದ್ದು ಒಂದು. ಯಾರೂ ದುಡ್ಡು ಕೊಡದ್ದು ಇನ್ನೊಂದು. ಬೆಲೆ ಇಳಿಸುವಂಥದ್ದು ಮತ್ತೊಂದು.

ಟೈರು, ಅಲಾಯ್, ವಿಂಚ್, ಬಂಪರ್, ಲೈಟು ಮೊದಲ ಗುಡ್ಡೆಗೆ ಸೇರುತ್ತವೆ. ಟೈರಿಗೆ ಬೆಲೆ ಕಟ್ಟುವಾಗ ಕಣ್ಣಳತೆ ಬೇಡ, ಗೇಜ್ ಇಟ್ಟು ನೋಡಿ. ಹೊಸದರಲ್ಲಿ 12 ಮಿ.ಮೀ. ಇದ್ದ ಕಚ್ಚು ಈಗ 7 ಇದೆ ಎಂದುಕೊಳ್ಳಿ. ಕಾರಿನ ಟೈರಿಗೆ ಕಾನೂನಿನ ಕನಿಷ್ಠ ಮಿತಿ 1.6 ಮಿ.ಮೀ. ಆ ಲೆಕ್ಕದಲ್ಲಿ ಅರ್ಧ ಆಯಸ್ಸು ಉಳಿದಿದೆ. ಆದರೆ ಕೆಸರಿಗಾಗಿ ಇಂಥ ಟೈರು ಕೊಳ್ಳುವವರಿಗೆ 4 ಮಿ.ಮೀ. ಕೆಳಗೆ ಅದು ಪ್ರಯೋಜನವಿಲ್ಲ. ಅವರ ಲೆಕ್ಕದಲ್ಲಿ 12ರಿಂದ 4ರವರೆಗಿನ 8 ಮಿ.ಮೀ.ನಲ್ಲಿ ಉಳಿದದ್ದು 3, ಅಂದರೆ ಶೇ. 37. ಪಕ್ಕದಲ್ಲಿ ಡಾಟ್ ಅಕ್ಷರಗಳ ಸಾಲಿನ ಕೊನೆಯ ನಾಲ್ಕು ಅಂಕಿ ನೋಡಿ: 2321 ಅಂದರೆ 2021ರ 23ನೇ ವಾರದ ಟೈರು. ಐದು ವರ್ಷ ಹತ್ತಿರವಾದರೆ ಕಚ್ಚು ಎಷ್ಟಿದ್ದರೂ ಬೆಲೆ ಬೀಳುತ್ತದೆ.

ಒಂದು ಉದಾಹರಣೆ ಲೆಕ್ಕ ಹಾಕೋಣ. ಅಂಕಿಗಳು ಹೊಂದಿಸಿಕೊಳ್ಳಲು ಮಾತ್ರ, ನಿಮ್ಮ ಬಿಲ್ ನೋಡಿ ಬದಲಿಸಿಕೊಳ್ಳಿ. ಐದು ಟೈರಿಗೆ 85,000 ಕೊಟ್ಟಿದ್ದರೆ ಶೇ. 37ರಂತೆ 31,000; ಚೌಕಾಸಿ ಮುಗಿದಾಗ 25,000. ಬೆಂಡ್ ಇಲ್ಲದ, ವೆಲ್ಡ್ ಮಾಡಿಸದ ಅಲಾಯ್ 45,000ದ್ದು 16,000. ವಿಂಚ್ 55,000ದ್ದು, ಮೋಟಾರಿಗೆ ನೀರು ಹೋಗದೆ ಹಗ್ಗ ಚೆನ್ನಾಗಿದ್ದರೆ 25,000. ಬಂಪರ್ ಎರಡೂ ಸೇರಿ 12,000, ಲೈಟು 4,000. ಒಟ್ಟು 82,000. ಲಿಫ್ಟ್‌ನ 60,000ಕ್ಕೂ ಆಡಿಯೊದ 45,000ಕ್ಕೂ ಸೊನ್ನೆ ಬರೆದುಕೊಳ್ಳಿ, ಯಾರೂ ದುಡ್ಡು ಕೊಡದ ಗುಡ್ಡೆ ಇದೇ. 3.60 ಲಕ್ಷದಲ್ಲಿ ವಾಪಸ್ ಬರುವುದು ಇಷ್ಟೇ, ಅದೂ ಬಿಡಿಬಿಡಿಯಾಗಿ ಮಾರಿದರೆ. ಟೈರು ಬಿಚ್ಚಿ ಮಾರಿದ ಮೇಲೆ ಗಾಡಿಗೆ ಬೇರೆ ಟೈರು ಬೇಕಲ್ಲವೇ? ಕಂಪನಿಯ ಟೈರು, ರಿಮ್ಮು ಅಟ್ಟದ ಮೇಲೆ ಇದ್ದರೆ ಮಾತ್ರ ಈ 25,000 ನಿಮ್ಮದು. ಹಳೇ ಬಂಪರಿಗೂ ಇದೇ ಮಾತು. ಯಾವುದನ್ನೇ ಹಾಕಿಸುವಾಗ ಬಿಚ್ಚಿದ ಒರಿಜಿನಲ್ ಪಾರ್ಟನ್ನು ಗ್ಯಾರೇಜಿನಲ್ಲೇ ಬಿಟ್ಟು ಬರಬೇಡಿ ಅನ್ನುವುದು ಇದಕ್ಕೇ.

ಲಿಫ್ಟ್‌ಗೆ ಯಾಕೆ ಸೊನ್ನೆ? 2020ರ ನಂತರದ ಥಾರ್‌ನಲ್ಲಿ ಮುಂದಿನ ಎರಡು ಚಕ್ರಗಳ ಸಸ್ಪೆನ್ಷನ್ ಬೇರೆಬೇರೆ. ಬಾಡಿ ಎರಡು ಇಂಚು ಮೇಲೆದ್ದರೆ ಮುಂದಿನ ಆಕ್ಸಲ್‌ನ ಕೋನ ಜಾಸ್ತಿಯಾಗುತ್ತದೆ. ಆಗ ಆಕ್ಸಲ್ ಜಾಯಿಂಟನ್ನು ಮುಚ್ಚಿರುವ ರಬ್ಬರ್ ಬೂಟು ಒಂದೇ ಕಡೆ ಮಡಚಿ ಮಡಚಿ ಸೀಳುತ್ತದೆ, ಗ್ರೀಸ್ ಹೊರಗೆ, ಕೆಸರು ಒಳಗೆ. ಮುಂದಿನ ಚಕ್ರ ಪೂರ್ತಿ ತಿರುಗಿಸಿ, ಹಿಂದಿನಿಂದ ಟಾರ್ಚ್ ಬಿಟ್ಟು ನೋಡಿ. ರಿಮ್ಮಿನ ಒಳಮೈಗೆ ಗ್ರೀಸ್ ಚಿಮ್ಮಿದ ಗೆರೆ ಕಂಡರೆ ಬೂಟು ಹೋಗಿದೆ. ನಿಧಾನವಾಗಿ ಹೋಗುತ್ತಾ ಪೂರ್ತಿ ತಿರುಗಿಸಿದಾಗ ಕಟಕಟ ಸದ್ದು ಬಂದರೆ ಜಾಯಿಂಟೇ ಹೋಗಿದೆ. ಮಾರುವ ಮುಂಚೆ ವೀಲ್ ಅಲೈನ್‌ಮೆಂಟ್ ಮಾಡಿಸಿ ಪ್ರಿಂಟ್ ತೆಗೆದಿಡಿ. ಅಂಕಿಗಳು ಮಿತಿಯೊಳಗೆ ಇದ್ದರೆ ಲಿಫ್ಟ್ ಸರಿಯಾಗಿ ಕೂತಿದೆ ಎಂದು ತೋರಿಸಲು ಆ ಒಂದು ಹಾಳೆ ಸಾಕು. ಸ್ಪ್ರಿಂಗ್ ಬದಲಿಸದೆ ಬರೀ ಸ್ಪೇಸರ್ ಇಟ್ಟು ಎತ್ತಿದ್ದರೆ ಬಿಚ್ಚಿಸಿಯೇ ಮಾರಿ.

ಬೆಲೆ ಇಳಿಸುವ ಗುಡ್ಡೆಯಲ್ಲಿ ಮೊದಲು ಬರುವುದು ವೈರಿಂಗ್. ಲೈಟು, ವಿಂಚಿಗೆ ಬ್ಯಾಟರಿಯಿಂದ ಪ್ರತ್ಯೇಕ ಲೈನ್, ಫ್ಯೂಸ್, ರಿಲೇ ಇದ್ದರೆ ಸರಿ. ಕಂಪನಿಯ ವೈರ್ ಕತ್ತರಿಸಿ ಟೇಪ್ ಸುತ್ತಿದ್ದರೆ ನೋಡುವ ಮೆಕ್ಯಾನಿಕ್ ಅಲ್ಲಿಗೇ ಎದ್ದು ಹೋಗುತ್ತಾನೆ. ಪವರ್ ಹೆಚ್ಚಿಸಲು ಇಂಜಿನ್ ಇಸಿಯು (ಇಂಜಿನ್ ನಿಯಂತ್ರಿಸುವ ಕಂಪ್ಯೂಟರ್) ರೀಮ್ಯಾಪ್ ಆಗಿದ್ದರೆ ಸ್ಟಾಕ್ ಫೈಲ್, ಅಂದರೆ ಕಂಪನಿಯ ಮೂಲ ಪ್ರೋಗ್ರಾಂ, ವಾಪಸ್ ಹಾಕಿಸಿ. ಜಾಸ್ತಿ ಪವರ್‌ಗೆ ಯಾರೂ ಜಾಸ್ತಿ ದುಡ್ಡು ಕೊಡುವುದಿಲ್ಲ. ಕ್ಲಚ್, ಟರ್ಬೊ ಎಷ್ಟು ದಣಿದಿವೆಯೋ ಎಂಬ ಅನುಮಾನ ಮಾತ್ರ ಹುಟ್ಟುತ್ತದೆ.

ಕಾನೂನಿನ ಮಾತನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಮೋಟಾರು ವಾಹನ ಕಾಯ್ದೆಯ ಕಲಂ 52ರ ಪ್ರಕಾರ ತಯಾರಕರು ಕೊಟ್ಟ ವಿವರ, ಅಂದರೆ ಆರ್‌ಸಿಯಲ್ಲಿರುವ ವಿವರ, ಬೇರೆಯಾಗುವಂತೆ ಗಾಡಿ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿ ಹಿಡಿಯಿತು. ಕಲಂ 182ಎ ಪ್ರಕಾರ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲೂ ಇದೆ. ಮುಂದಿನ ಬುಲ್ ಬಾರ್, ಕ್ರ್ಯಾಶ್ ಗಾರ್ಡ್ ವಿರುದ್ಧ ಕ್ರಮ ಕೈಗೊಳ್ಳಲು ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರ್‌ನಲ್ಲೇ ರಾಜ್ಯಗಳಿಗೆ ಬರೆದಿದೆ. ಹೀಗಾಗಿ ಕಬ್ಬಿಣದ ಬಂಪರ್ ಬಿಚ್ಚಿ, ಒರಿಜಿನಲ್ ಹಾಕಿ ಗಾಡಿ ತೋರಿಸುವುದೇ ಒಳ್ಳೆಯದು.

ಒಟ್ಟಿನಲ್ಲಿ ಬೆಲೆ ಎರಡು ಇಟ್ಟುಕೊಳ್ಳಿ. ಮಾಮೂಲಿ ಥಾರ್ 11 ಲಕ್ಷಕ್ಕೆ ಹೋಗುತ್ತಿದ್ದರೆ, ಸ್ಟಾಕ್, ಅಂದರೆ ಕಂಪನಿಯಿಂದ ಬಂದ ಹಾಗೆ, ಮಾಡಿಕೊಟ್ಟ ಗಾಡಿಗೆ 11 ಲಕ್ಷ, ಸಾಮಾನು ಬೇಕೆಂದರೆ ಮೇಲೆ 80,000. ಸ್ಟಾಕ್ ಮಾಡಲು ಬೂಟು, ಸ್ಪ್ರಿಂಗ್, ಕೂಲಿ ಎಂದು 20–25 ಸಾವಿರ ಆಗುತ್ತದೆ. ಅದನ್ನು ನೀವು ಮಾಡಿಸದೆ ಕೊಟ್ಟರೆ ಗಿರಾಕಿ ಅದರ ಎರಡರಷ್ಟು ಮುರಿಯುತ್ತಾನೆ. ನಿಮ್ಮ ಊರಲ್ಲಿ ಒಂದು ಅನುಕೂಲವಿದೆ. ಸಕಲೇಶಪುರ, ಮೂಡಿಗೆರೆ, ಕೊಡಗಿನ ಎಸ್ಟೇಟಿನವರಿಗೆ ವಿಂಚ್, ಒಳ್ಳೆ ಟೈರಿನ ಬೆಲೆ ಗೊತ್ತು. ನಗರದ ಡೀಲರಿಗಿಂತ ಮೊದಲು ಅವರಿಗೆ, ಆಫ್‌ರೋಡ್ ಕ್ಲಬ್ಬಿನವರಿಗೆ ತಿಳಿಸಿ.

ಪ್ರಶ್ನೆ: ಬಿಎಸ್6 ಕ್ಲಾಸಿಕ್ 350 ಬುಲೆಟ್. ಆರ್‌ಸಿಯಲ್ಲಿ ಕಪ್ಪು ಬಣ್ಣ, ಈಗ ಆಲಿವ್ ಹಸಿರು. ಸೈಲೆನ್ಸರ್ ಕೂಡ ಬದಲಿಸಿದ್ದೇನೆ. ಪೇಂಟಿಂಗ್‌ಗೇ 22,000 ಆಗಿದೆ. ಅದನ್ನು ಬೆಲೆಗೆ ಸೇರಿಸಬಹುದೇ?
— ಓದುಗರು, ದಾವಣಗೆರೆ

ಉತ್ತರ: ಸೇರಿಸಲು ಬರುವುದಿಲ್ಲ. ಬಣ್ಣ ಬದಲಿಸಿ ಆರ್‌ಸಿಯಲ್ಲಿ ನಮೂದಿಸದಿದ್ದರೆ, ಕೊಳ್ಳುವವರ ಹೆಸರಿಗೆ ವರ್ಗಾಯಿಸುವಾಗಲೇ ತಕರಾರು ಏಳಬಹುದು. ಒಂದೋ ಆರ್‌ಟಿಒದಲ್ಲಿ ಆಲ್ಟರೇಶನ್‌ಗೆ ಅರ್ಜಿ ಹಾಕಿ ಬಣ್ಣ ನಮೂದಿಸಿ, ಇಲ್ಲವೇ ಹಳೇ ಟ್ಯಾಂಕ್, ಸೈಡ್ ಪ್ಯಾನೆಲ್ ಇಟ್ಟುಕೊಂಡಿದ್ದರೆ ಅವನ್ನೇ ಹಾಕಿ. ಬಣ್ಣ ಬದಲಿಸಿದ್ದು ಅಪಘಾತ ಮುಚ್ಚಲು ಅಲ್ಲ ಎಂದು ಗಿರಾಕಿಗೆ ನಂಬಿಕೆ ಬರಬೇಕು. ಪೇಂಟಿಗೆ ಮುಂಚೆ, ಪೇಂಟ್ ಮಾಡುವಾಗ ತೆಗೆದ ಫೋಟೊ ಇದ್ದರೆ ತೋರಿಸಿ.

ಸೈಲೆನ್ಸರ್ ಮಾತ್ರ ಖಂಡಿತ ಒರಿಜಿನಲ್‌ಗೆ ವಾಪಸ್ ಬದಲಿಸಲೇಬೇಕು. ಬಿಎಸ್6 ಬೈಕಿನಲ್ಲಿ ಕ್ಯಾಟಲಿಟಿಕ್ ಕನ್ವರ್ಟರ್, ಆಕ್ಸಿಜನ್ ಸೆನ್ಸರ್ ಇರುವುದು ಎಗ್ಸಾಸ್ಟ್ ದಾರಿಯಲ್ಲೇ. ಅವನ್ನು ತಪ್ಪಿಸಿದ್ದರೆ ಇಂಜಿನ್ ಲೈಟ್ ಉರಿಯುತ್ತಿರುತ್ತದೆ, ಎಮಿಷನ್ ಟೆಸ್ಟ್ ಪಾಸಾಗುವುದು ಕಷ್ಟ. ಕರ್ಕಶ ಸೈಲೆನ್ಸರ್‌ಗಳನ್ನು ಪೊಲೀಸರು ಬಿಚ್ಚಿಸಿ ರೋಡ್ ರೋಲರ್ ಹತ್ತಿಸಿದ್ದನ್ನು ನಮ್ಮ ಊರುಗಳಲ್ಲೇ ಕಂಡಿದ್ದೇವೆ. ಹಿಂಬದಿಯ ಚಾಸಿ ಕತ್ತರಿಸಿ ಬಾಬರ್ (ಹಿಂಭಾಗ ಮೋಟಾದ ಶೈಲಿಯ ಬೈಕ್) ಮಾಡಿಸಿದವರಿಗೂ ಇಲ್ಲೇ ಒಂದು ಮಾತು: ಆ ಗಾಡಿಗೆ ಬೆಲೆ ಇರುವುದು ಇಂಜಿನ್ ಮತ್ತು ಬಿಡಿಭಾಗಕ್ಕೆ ಮಾತ್ರ.

ಪ್ರಶ್ನೆ: ವ್ಯಾಗನ್ ಆರ್‌ಗೆ ಹೊರಗೆ ಸಿಎನ್‌ಜಿ ಕಿಟ್ ಹಾಕಿಸಿದ್ದೇನೆ. ಇದರಿಂದ ಬೆಲೆ ಏರುತ್ತದೆಯೇ, ಇಳಿಯುತ್ತದೆಯೇ?
— ಓದುಗರು, ತುಮಕೂರು

ಉತ್ತರ: ಮೂರು ಕಾಗದ ಇದ್ದರೆ ಏರುತ್ತದೆ. ಆರ್‌ಸಿಯಲ್ಲಿ ಇಂಧನ ‘ಪೆಟ್ರೋಲ್/ಸಿಎನ್‌ಜಿ’ ಎಂದಿರಬೇಕು. ಸಿಲಿಂಡರ್‌ಗೆ ಮೂರು ವರ್ಷಕ್ಕೊಮ್ಮೆ ನೀರಿನ ಒತ್ತಡದಲ್ಲಿ ಮಾಡುವ ಹೈಡ್ರೊ ಟೆಸ್ಟ್‌ನ ಸರ್ಟಿಫಿಕೇಟ್ ಚಾಲ್ತಿಯಲ್ಲಿರಬೇಕು. ಪಾಲಿಸಿಯಲ್ಲಿ ಕಿಟ್ ಸೇರಿರಬೇಕು. ಸೇರಿದ್ದರೆ ಥರ್ಡ್ ಪಾರ್ಟಿ ಭಾಗದಲ್ಲಿ ಅದಕ್ಕೆಂದು 60 ರೂಪಾಯಿ ಕಾಣುತ್ತದೆ. ಮೂರೂ ಇದ್ದರೆ ಕಿಟ್‌ನ ಬಿಲ್ಲಿನ ಮೂರನೇ ಒಂದು ಭಾಗ ಕೇಳಬಹುದು. ಆರ್‌ಸಿಯಲ್ಲಿ ಇಲ್ಲದಿದ್ದರೆ ಕಿಟ್‌ಗೆ ಬೆಲೆ ಇಲ್ಲ, ಬಿಚ್ಚಿಸುವ ಖರ್ಚು ಮೈಮೇಲೆ. ಗಿರಾಕಿ ಇಂಜಿನ್ ಒಳಗಿನ ಒತ್ತಡ ಅಳೆಯುವ ಕಂಪ್ರೆಷನ್ ಟೆಸ್ಟ್ ಕೇಳಿದರೆ ಬೇಸರ ಬೇಡ. ಸಿಎನ್‌ಜಿ ಒಣ ಇಂಧನ, ಅದಕ್ಕೆಂದೇ ಮಾಡದ ಇಂಜಿನ್‌ನಲ್ಲಿ ವಾಲ್ವ್ ಸೀಟ್ ಬೇಗ ಸವೆಯುತ್ತದೆ.

ಪ್ರಶ್ನೆ: ತಂದೆಯವರು ಪಕ್ಕಚಕ್ರ ಹಾಕಿಸಿದ್ದ ಆ್ಯಕ್ಟಿವಾ ಓಡಿಸುತ್ತಿದ್ದರು. ಈಗ ಅವರಿಲ್ಲ. ಚಕ್ರ ತೆಗೆಸಿ ಮಾಮೂಲಿ ಸ್ಕೂಟರ್ ಎಂದು ಮಾರಲೇ, ಹಾಗೇ ಮಾರಲೇ?
— ಓದುಗರು, ಧಾರವಾಡ

ಉತ್ತರ: ಹಾಗೇ ಮಾರಿ. ಕಾಲಿನ ತೊಂದರೆ ಇದ್ದು ಪಕ್ಕಚಕ್ರ ಬೇಕಾದವರಿಗೆ ಈ ಸ್ಕೂಟರ್ ದಿನದ ಕಾಲು. ಹೊಸದು ಕೊಂಡು, ಕಿಟ್ ಹಾಕಿಸಿ, ಆರ್‌ಟಿಒ ಸುತ್ತಿ ನಮೂದಿಸುವ ಶ್ರಮ ಅವರಿಗೆ ಉಳಿಯುತ್ತದೆ. ಮಾಮೂಲಿ ಗಿರಾಕಿಗೆ ಮಾರಲು ಹೋದರೆ ಆರ್‌ಸಿಯ ವರ್ಗವನ್ನು ಮತ್ತೆ ಬದಲಿಸಬೇಕು, ಬ್ರಾಕೆಟ್ ಕೂತ ಜಾಗದ ಗುರುತು ಚಾಸಿಯ ಮೇಲೆ ಉಳಿದೇ ಇರುತ್ತದೆ.

ಬೆಲೆ ಕಟ್ಟುವ ಮುಂಚೆ ನಾಲ್ಕು ಜಾಗ ನೋಡಿ. ಬ್ರಾಕೆಟ್ ಚಾಸಿಗೆ ಸೇರುವಲ್ಲಿ ಬಣ್ಣ ಬಿರುಕು ಬಿಟ್ಟು ತುಕ್ಕಿನ ಗೆರೆ ಕಂಡರೆ ಲೋಹವೂ ಸೀಳಿರಬಹುದು, ಚಿಂದಿಯಿಂದ ಒರೆಸಿ ನೋಡಬೇಕು. ಮೂರು-ನಾಲ್ಕು ಚಕ್ರದ ಸ್ಕೂಟರ್ ವಾಲುವುದಿಲ್ಲ, ಆದ್ದರಿಂದ ಹಿಂದಿನ ಟೈರು ನಡುವೆ ಚಪ್ಪಟೆಯಾಗಿ ಸವೆದಿರುತ್ತದೆ. ತಿರುಗಿಸಲು ಹ್ಯಾಂಡಲ್ ಮೇಲೆ ಜೋರು ಹಾಕುವುದರಿಂದ ಕೋನ್‌ಸೆಟ್ (ಹ್ಯಾಂಡಲ್ ತಿರುಗುವ ಬೇರಿಂಗ್) ಬೇಗ ಹೋಗುತ್ತದೆ: ಮುಂದಿನ ಚಕ್ರ ಎತ್ತಿ ಹ್ಯಾಂಡಲ್ ಮೆಲ್ಲಗೆ ತಿರುಗಿಸಿ, ನಡುವಲ್ಲಿ ಕಚ್ಚಿ ನಿಂತರೆ ಬದಲಿಸಬೇಕು. ಹೆಚ್ಚಿನ ಭಾರಕ್ಕೆ ಬೆಲ್ಟ್, ಕ್ಲಚ್ ಕೂಡ ಸವೆದಿರುತ್ತವೆ. ಈ ರಿಪೇರಿ ಮಾಡಿಸಿ, ಅದೇ ವರ್ಷದ ಸಾಮಾನ್ಯ ಆ್ಯಕ್ಟಿವಾದ ಬೆಲೆಗೆ ಕಿಟ್‌ನ ಅರ್ಧ ಸೇರಿಸಿ ಹೇಳಿ.

ಕೊಳ್ಳುವವರ ಲೈಸೆನ್ಸ್ ಈ ವರ್ಗದ ವಾಹನಕ್ಕೆ ಇದೆಯೇ ನೋಡಿ. ತಂದೆಯವರು ತೆರಿಗೆ ವಿನಾಯಿತಿ ಪಡೆದಿದ್ದರೆ, ಮಾರಿದಾಗ ಅದು ಏನಾಗುತ್ತದೆ ಎಂದು ಆರ್‌ಟಿಒದಲ್ಲಿ ಮೊದಲೇ ಕೇಳಿಕೊಳ್ಳಿ. ಆರ್‌ಸಿ ಮೊದಲು ವಾರಸುದಾರರಾದ ನಿಮ್ಮ ಹೆಸರಿಗೆ ಬರಬೇಕು, ಆಮೇಲೆ ಕೊಳ್ಳುವವರ ಹೆಸರಿಗೆ ವರ್ಗಾಯಿಸುವ ಫಾರಂ 29, 30. ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು, ಅಪಘಾತದ ಪರಿಹಾರವೂ ಅವರ ಮೇಲೇ ಬರುತ್ತದೆ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ಹಾಗಾಗಿ ಗಾಡಿ ಕೊಟ್ಟ ದಿನ, ಗಂಟೆ, ಪಕ್ಕಚಕ್ರದ ಕಿಟ್‌ನ ವಿವರ ಬರೆದು ಇಬ್ಬರೂ ಸಹಿ ಹಾಕಿ. ಕಿಟ್‌ನ ಬಿಲ್ಲು, ಹಾಕಿದವರ ಫೋನ್ ನಂಬರನ್ನೂ ಕೊಳ್ಳುವವರಿಗೆ ಕೊಡಿ. ಪಕ್ಕಚಕ್ರದ ಬೇರಿಂಗ್ ಹೋದ ದಿನ ಅವರು ಮೊದಲು ಹುಡುಕುವುದು ಅದನ್ನೇ.