ಗೆರೆ ಮೂಡಿದರೆ ಔಷಧ ಇಲ್ಲ, ಮಾಯವಾದರೆ ಇದೆ

ಮಾಂಸದಲ್ಲಿ ಉಳಿದ ನಿಷೇಧಿತ ಔಷಧಗಳನ್ನು ಜೈವಿಕ ಅಣುಗಳ ನೆರವಿನಿಂದ ಹಿಡಿಯುವ ಬಯೋಸೆನ್ಸರ್‌ಗಳ ಬಗ್ಗೆ ಹಾಸನ, ಚಿಕ್ಕಮಗಳೂರು ಜಿಲ್ಲೆಗಳ ಓದುಗರು ಕೇಳಿದ ಪ್ರಶ್ನೆಗಳಿಗೆ ಈ ಬಾರಿ ಉತ್ತರ. ಸೆನ್ಸರ್ ಕೆಟ್ಟಿದೆ ಎಂದು ಬರೆದವರೇ ಹೆಚ್ಚು. ವಿವರ ಓದಿದರೆ ಬಹುಪಾಲು ಎಡವಟ್ಟು ಸೆನ್ಸರಿಗೆ ಮುಂಚೆ, ಮಾಂಸ ಅರೆದು ಸಾರ ತೆಗೆಯುವ ಹಂತದಲ್ಲೇ ಆಗಿದೆ.

ಪ್ರಶ್ನೆ: ಕೋಳಿಗೆ ಕೊಡಲೇಬಾರದ ಔಷಧಗಳು ಯಾವುವು? ಮಾರುವುದಕ್ಕೆ ಎಷ್ಟು ದಿನ ಮೊದಲು ನಿಲ್ಲಿಸಿದರೆ ಸಾಕು?
– ಬ್ರಾಯ್ಲರ್ ಸಾಕಣೆದಾರರು, ಅರಸೀಕೆರೆ

ಎಷ್ಟು ದಿನ ಮೊದಲು ನಿಲ್ಲಿಸಿದರೂ ಸಾಲದು. ‘ಇಷ್ಟು ದಿನ ಬಿಡಿ’ ಎಂಬ ಲೆಕ್ಕ ಅನುಮತಿ ಇರುವ ಔಷಧಗಳಿಗೆ ಮಾತ್ರ. ಕೊಲಿಸ್ಟಿನ್ ಎಂಬ ಆ್ಯಂಟಿಬಯಾಟಿಕ್ಕನ್ನು ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಬಳಸುವುದನ್ನು ಕೇಂದ್ರ ಸರ್ಕಾರ 2019ರಲ್ಲಿ ನಿಷೇಧಿಸಿತು. ಕ್ಲೋರಾಂಫೆನಿಕಾಲ್ ಮತ್ತು ನೈಟ್ರೋಫ್ಯುರಾನ್‌ಗಳ ಸರದಿ 2025ರಲ್ಲಿ ಬಂತು, ಇವೂ ಆ್ಯಂಟಿಬಯಾಟಿಕ್‌ಗಳೇ. ಕ್ಲೋರಾಂಫೆನಿಕಾಲ್ ಕೆಲವೇ ಕೆಲವರಲ್ಲಿ ಮೂಳೆಮಜ್ಜೆಯನ್ನು ಕುಗ್ಗಿಸಿ ರಕ್ತ ತಯಾರಾಗುವುದನ್ನೇ ನಿಲ್ಲಿಸಿಬಿಡುತ್ತದೆ. ಎಷ್ಟು ಸೇವಿಸಿದರೆ ಹಾಗಾಗುತ್ತದೆ ಎಂಬುದಕ್ಕೆ ಕನಿಷ್ಠ ಪ್ರಮಾಣ ಹೇಳಲಾಗದ ಕಾರಣ ‘ಇಷ್ಟಿದ್ದರೆ ಪರವಾಗಿಲ್ಲ’ ಎಂಬ ಮಿತಿಯೂ ಇಲ್ಲ.

ಯುರೋಪ್ ಒಕ್ಕೂಟದಲ್ಲಿ ಕ್ರಮ ಕೈಗೊಳ್ಳುವ ಮಟ್ಟ ಕ್ಲೋರಾಂಫೆನಿಕಾಲ್‌ಗೆ ಕೆ.ಜಿ.ಗೆ 0.15 ಮೈಕ್ರೋಗ್ರಾಂ, ನೈಟ್ರೋಫ್ಯುರಾನ್ ಉಳಿಕೆಗಳಿಗೆ 0.5 ಮೈಕ್ರೋಗ್ರಾಂ. ಸುಮಾರು 60 ಮೈಕ್ರೋಗ್ರಾಂ ತೂಗುವ ಒಂದು ಪುಡಿಉಪ್ಪಿನ ಹರಳನ್ನು 400 ಕೆ.ಜಿ. ಮಾಂಸಕ್ಕೆ ಹಂಚಿದರೆ ಎಷ್ಟಾಗುತ್ತದೋ 0.15 ಅಂದರೆ ಅಷ್ಟು. ಮುಂದಿನ ಉತ್ತರಗಳಲ್ಲಿ ಬರುವ ಪಡಿಪಾಟಲೆಲ್ಲ ಈ ಹರಳನ್ನು ಹುಡುಕುವುದಕ್ಕೇ.

ಪ್ರಶ್ನೆ: ಕ್ಲೋರಾಂಫೆನಿಕಾಲ್‌ಗೆ ಕಾಗದದ ಸ್ಟ್ರಿಪ್ ಮಾಡಿದ್ದೇವೆ. ಬಫರ್ ಹಾಕಿದರೆ ಟೆಸ್ಟ್ ಗೆರೆ ಚೆನ್ನಾಗಿ ಬರುತ್ತದೆ. ಔಷಧವೇ ಇಲ್ಲದ ಕೋಳಿ ಮಾಂಸದ ಸಾರ ಹಾಕಿದರೂ ಗೆರೆ ಮಸುಕಾಗುತ್ತದೆ. ಪ್ರತಿಕಾಯ ಸರಿಯಿಲ್ಲವೇ?
– ಎಂ.ಎಸ್‌ಸಿ. ವಿದ್ಯಾರ್ಥಿನಿ, ಹಾಸನ

ಪ್ರತಿಕಾಯವನ್ನು ದೂರುವ ಮುಂಚೆ ಸಾರವನ್ನು ವಿಚಾರಿಸಿಕೊಳ್ಳಿ.

ಮೊದಲು ಉಳಿದ ಓದುಗರಿಗಾಗಿ ಒಂದು ಮಾತು. ಪ್ರತಿಕಾಯ ಎಂದರೆ ಒಂದು ನಿರ್ದಿಷ್ಟ ಅಣುವನ್ನೇ ಹುಡುಕಿ ಹಿಡಿಯುವ ಪ್ರೋಟೀನು, ಬಫರ್ ಎಂದರೆ ಪಿಎಚ್ ಬದಲಾಗದಂತೆ ಕಾಯುವ ದ್ರಾವಣ. ಗರ್ಭ ಪರೀಕ್ಷೆಯ ಸ್ಟ್ರಿಪ್‌ನಲ್ಲಿ ಗೆರೆ ಮೂಡಿದರೆ ‘ಇದೆ’ ಎಂದರ್ಥ. ಇಲ್ಲಿ ತಿರುಗಾಮುರುಗಾ. ಔಷಧದ ಅಣು ಎಷ್ಟು ಪುಟ್ಟದೆಂದರೆ ಎರಡು ಪ್ರತಿಕಾಯಗಳು ಎರಡು ಕಡೆಯಿಂದ ಹಿಡಿಯಲು ಅದರಲ್ಲಿ ಜಾಗವಿಲ್ಲ. ಹಾಗಾಗಿ ಟೆಸ್ಟ್ ಗೆರೆಯಲ್ಲಿ ಪ್ರೋಟೀನಿಗೆ ಅಂಟಿಸಿದ ಔಷಧವನ್ನೇ ಬಳಿದಿರುತ್ತಾರೆ. ಚಿನ್ನದ ಕಣಗಳ ಮೇಲೆ ಕೂತ ಪ್ರತಿಕಾಯ ಅಲ್ಲಿಗೆ ಬಂದು ಅಂಟಿದರೆ ಕೆಂಪು ಗೆರೆ. ಮಾಂಸದಲ್ಲಿ ಔಷಧವಿದ್ದರೆ ಅದು ದಾರಿಯಲ್ಲೇ ಪ್ರತಿಕಾಯವನ್ನು ಹಿಡಿದುಬಿಡುತ್ತದೆ, ಗೆರೆ ಮೂಡುವುದಿಲ್ಲ. ಎಂದಮೇಲೆ ಗೆರೆಯನ್ನು ಮಸುಕು ಮಾಡುವ ಯಾವ ಕೊಳೆಯೂ ‘ಔಷಧ ಇದೆ’ ಎಂದೇ ಸುಳ್ಳು ಹೇಳುತ್ತದೆ. ನಿಮ್ಮಲ್ಲಿ ಆಗಿರುವುದು ಅದೇ ಇರಬೇಕು.

ಸಾರ ತೆಗೆಯುವ ಕ್ರಮವನ್ನು ಹೀಗೆ ಹೋಲಿಸಿ ನೋಡಿ. ಕೊಬ್ಬು, ಚರ್ಮ ತೆಗೆದು ನುಣ್ಣಗೆ ಅರೆದ ಮಾಂಸ 3 ಗ್ರಾಂ, ಈಥೈಲ್ ಅಸಿಟೇಟ್ 6 ಮಿ.ಲೀ. ಹತ್ತು ನಿಮಿಷ ಕುಲುಕಿ, 4000 ಆರ್‌ಪಿಎಂನಲ್ಲಿ ಹತ್ತು ನಿಮಿಷ ಸೆಂಟ್ರಿಫ್ಯೂಜ್ ಮಾಡಿ. ಮೇಲಿನ ದ್ರವದಲ್ಲಿ 4 ಮಿ.ಲೀ. ಬೇರೆ ನಳಿಕೆಗೆ ತೆಗೆದು 50–60 ಡಿಗ್ರಿಯಲ್ಲಿ ಸಾರಜನಕ ಹಾಯಿಸುತ್ತಾ ಪೂರ್ತಿ ಆರಿಸಿ. ತಳದ ಜಿಡ್ಡಿಗೆ 1 ಮಿ.ಲೀ. ಹೆಕ್ಸೇನ್, 0.5 ಮಿ.ಲೀ. ಫಾಸ್ಫೇಟ್ ಬಫರ್ ಹಾಕಿ ಒಂದು ನಿಮಿಷ ಕಲಕಿ ಮತ್ತೆ ಸೆಂಟ್ರಿಫ್ಯೂಜ್ ಮಾಡಿ. ಕೊಬ್ಬು ಮೇಲಿನ ಹೆಕ್ಸೇನಿಗೆ ಹೋಗುತ್ತದೆ. ಕೆಳಗಿನ ಬಫರ್ ಪದರವಷ್ಟೇ ಸ್ಟ್ರಿಪ್‌ಗೆ.

ಇನ್ನು ಲೆಕ್ಕ. 4 ಮಿ.ಲೀ. ದ್ರಾವಕ ಎಂದರೆ 2 ಗ್ರಾಂ ಮಾಂಸದ ಪಾಲು. ಅದು 0.5 ಮಿ.ಲೀ. ಬಫರಿಗೆ ಇಳಿದರೆ 1 ಮಿ.ಲೀ. ಬಫರ್ 4 ಗ್ರಾಂ ಮಾಂಸಕ್ಕೆ ಸಮ. ಮಾಂಸದಲ್ಲಿ ಗ್ರಾಂಗೆ 0.15 ನ್ಯಾನೋಗ್ರಾಂ (ಕೆ.ಜಿ.ಗೆ 0.15 ಮೈಕ್ರೋಗ್ರಾಂ ಎಂದರೂ ಇದೇ) ಇದ್ದರೆ ಬಫರಿನಲ್ಲಿ ಮಿ.ಲೀ.ಗೆ 0.6 ನ್ಯಾನೋಗ್ರಾಂ ಸಿಗಬೇಕು. ಶೇ 80ರಷ್ಟೇ ಕೈಗೆ ಬಂದರೆ 0.48. ಸ್ಟ್ರಿಪ್ ಇಷ್ಟಕ್ಕೆ ಗೆರೆ ಅಳಿಸಬೇಕು. ಬಫರಿನಲ್ಲಿ 1 ನ್ಯಾನೋಗ್ರಾಂ ಹಿಡಿಯುವ ಸ್ಟ್ರಿಪ್ ನೋಡಲು ಚೆಂದ, ಕೆಲಸಕ್ಕೆ ಸಾಲದು.

ಎಡವುವ ಜಾಗಗಳಲ್ಲಿ ಮೊದಲನೆಯದು ಈಥೈಲ್ ಅಸಿಟೇಟ್. ಅದು ಪೂರ್ತಿ ಆರದೆ ಚೂರು ಉಳಿದರೂ ಗೆರೆಗಳಿರುವ ನೈಟ್ರೋಸೆಲ್ಯುಲೋಸ್ ಪದರವನ್ನು ಕೆಡಿಸುತ್ತದೆ. ನಳಿಕೆಯನ್ನು ಮೂಸಿ ನೋಡುವುದು ಬೇಡ, ಇನ್ನೈದು ನಿಮಿಷ ಹೆಚ್ಚಿಗೆ ಆರಿಸಿ. ಪಿಪೆಟ್ ತುದಿ ಎರಡು ಪದರಗಳ ನಡುವಿನ ಬಿಳಿ ಗಸಿಗೆ ತಾಗಿದರೆ ಕೊಬ್ಬು ಸ್ಟ್ರಿಪ್‌ನ ರಂಧ್ರಗಳಲ್ಲಿ ಕೂತು ಹರಿವು ಕುಂಟುತ್ತದೆ. ಆಗ ಸ್ಟ್ರಿಪ್ ಸರಿಯಿದ್ದರೆ ಯಾವಾಗಲೂ ಮೂಡಬೇಕಾದ ಕಂಟ್ರೋಲ್ ಗೆರೆಯೂ ಮಂಕಾಗುತ್ತದೆ, ಪತ್ತೆಗೆ ಅದೇ ಸುಳಿವು. ಬಫರ್ ದುರ್ಬಲವಾಗಿದ್ದರೆ ಮಾಂಸದ ಆಮ್ಲತೆಯೂ ಕಾಡೀತು. ಕೋಳಿ ಮಾಂಸದ ಪಿಎಚ್ 6ರ ಆಸುಪಾಸಿಗೆ ಇಳಿದಿರುತ್ತದೆ, ಸಾರದ ಪಿಎಚ್ ಒಮ್ಮೆ ಅಳೆದುಬಿಡಿ. ಕೊಳೆಯೇ ಕಾರಣವೋ ಎಂದು ತಿಳಿಯಲು ಅದೇ ಸಾರವನ್ನು ಬಫರಿನಲ್ಲಿ ಎರಡು ಪಟ್ಟು, ನಾಲ್ಕು ಪಟ್ಟು ತೆಳು ಮಾಡಿ ಹಾಕಿ. ಔಷಧವಿಲ್ಲವೆಂದು ಖಚಿತವಿರುವ ಮಾಂಸದಲ್ಲಿ ಗೆರೆ ಮರಳಿ ಬಂದರೆ ಕಳ್ಳ ಸಿಕ್ಕ ಹಾಗೆ.

ಮಾಂಸ ‘ಔಷಧವಿಲ್ಲದ್ದು’ ಎಂದು ಅಂಗಡಿಯವರ ಮಾತಿನ ಮೇಲೆ ನಂಬಿದ್ದೀರಾದರೆ ಅದೂ ತಪ್ಪು. ಏನೂ ಮದ್ದು ಹಾಕದೆ ಸಾಕಿದ ಕೋಳಿಯದ್ದು, ಅಣುಗಳನ್ನು ಬೇರ್ಪಡಿಸಿ ತೂಕದಿಂದ ಗುರುತಿಸುವ ಎಲ್‌ಸಿ-ಎಂಎಸ್/ಎಂಎಸ್ ಯಂತ್ರದಲ್ಲಿ ಪರೀಕ್ಷಿಸಿದ್ದು ಬೇಕು. ಹಾಸನದಲ್ಲೇ ಪಶುವೈದ್ಯಕೀಯ ಕಾಲೇಜಿದೆ, ಅಂಥ ಕೋಳಿಗಾಗಿ ಅಲ್ಲಿ ವಿಚಾರಿಸಿ.

ಕೊನೆಯದಾಗಿ ಪ್ರತಿಕಾಯದ ಪ್ರಮಾಣ. ಹೆಚ್ಚು ಹಾಕಿದರೆ ಗೆರೆ ಗಾಢವಾಗುತ್ತದೆ ಎಂದು ಖುಷಿಪಡುತ್ತಾರೆ. ಈ ಪೈಪೋಟಿಯ ಪರೀಕ್ಷೆಯಲ್ಲಿ ಪ್ರತಿಕಾಯ ಹೆಚ್ಚಾದಷ್ಟೂ ಅದನ್ನು ತುಂಬಲು ಹೆಚ್ಚು ಔಷಧ ಬೇಕು, ಸೂಕ್ಷ್ಮತೆ ಬಿದ್ದುಹೋಗುತ್ತದೆ. ಕಣ್ಣಿಗೆ ಸ್ಪಷ್ಟವಾಗಿ ಕಾಣುವ ಗೆರೆಗೆ ಎಷ್ಟು ಕಡಿಮೆ ಸಾಕೋ ಅಷ್ಟೇ ಇರಲಿ.

ಪ್ರಶ್ನೆ: ಚಿನ್ನದ ಕಣಗಳ ದ್ರಾವಣ ಕೆಂಪಾಗುವ ಬದಲು ನೇರಳೆಯಾಗುತ್ತಿದೆ. ನಮ್ಮೂರು ಎತ್ತರದಲ್ಲಿದೆ, ನೀರು 97 ಡಿಗ್ರಿಗೇ ಕುದಿಯುತ್ತದೆ. ಅದಕ್ಕೇ ಹೀಗಾ?
– ಎಂಜಿನಿಯರಿಂಗ್ ವಿದ್ಯಾರ್ಥಿ, ಚಿಕ್ಕಮಗಳೂರು

ಮೂರು ಡಿಗ್ರಿಯ ಮೇಲೆ ತಪ್ಪು ಹೊರಿಸಬೇಡಿ. ಡಿಅಯಾನೈಸ್ಡ್ ನೀರು 100 ಮಿ.ಲೀ.ಗೆ ಶೇ 1ರ ಗೋಲ್ಡ್ ಕ್ಲೋರೈಡ್ 1 ಮಿ.ಲೀ. ಹಾಕಿ, ಕಲಕುತ್ತಾ ಕುದಿಸಿ, ಶೇ 1ರ ಟ್ರೈಸೋಡಿಯಂ ಸಿಟ್ರೇಟ್ 1 ಮಿ.ಲೀ. ಒಂದೇ ಸಲಕ್ಕೆ ಸುರಿಯಿರಿ. ತಿಳಿ ಹಳದಿ ಹೋಗಿ, ಬೂದು, ಕಡುನೀಲಿ, ನೇರಳೆ ದಾಟಿ ದ್ರಾಕ್ಷಾರಸದ ಕೆಂಪಿಗೆ ಬರುತ್ತದೆ. ಮತ್ತೆ ಹತ್ತು ಹದಿನೈದು ನಿಮಿಷ ಕುದಿಸಿ. ಕಣಗಳು ಸುಮಾರು 40 ನ್ಯಾನೋಮೀಟರ್ ಇರುತ್ತವೆ.

ನೇರಳೆಯಲ್ಲೇ ನಿಂತರೆ ಗಾಜಿನ ಪಾತ್ರೆ ಕೊಳೆ, ಇಲ್ಲವೇ ನೀರಿನಲ್ಲಿ ಲವಣ, ಇಲ್ಲವೇ ಬೂಷ್ಟು ಹಿಡಿದ ಹಳೆಯ ಸಿಟ್ರೇಟ್. ಗೋಲ್ಡ್ ಕ್ಲೋರೈಡನ್ನು ಸ್ಟೀಲ್ ಚಮಚೆಯಲ್ಲಿ ತೆಗೆದಿದ್ದರೆ ಚಿನ್ನ ಅಲ್ಲೇ ಚಮಚೆಗೆ ಕೂತಿರುತ್ತದೆ. ಪಾತ್ರೆಯನ್ನು ಮೂರು ಪಾಲು ಹೈಡ್ರೋಕ್ಲೋರಿಕ್, ಒಂದು ಪಾಲು ನೈಟ್ರಿಕ್ ಆಮ್ಲದ ಮಿಶ್ರಣದಲ್ಲಿ ತೊಳೆಯಿರಿ. ಅದು ಫ್ಯೂಮ್ ಹುಡ್‌ನೊಳಗೇ ನಡೆಯಬೇಕಾದ ಕೆಲಸ. ಮಿಕ್ಕಿದ್ದನ್ನು ಮುಚ್ಚಳ ಹಾಕಿ ಇಟ್ಟರೆ ಬಾಟಲಿ ಸಿಡಿಯುತ್ತದೆ.

ಪ್ರತಿಕಾಯ ಸೇರಿಸಿದ ಮೇಲೆ ನೇರಳೆಯಾಗಿದ್ದರೆ ಕಾರಣ ಬೇರೆ. ಪೊಟ್ಯಾಸಿಯಂ ಕಾರ್ಬೊನೇಟಿನಿಂದ ಪಿಎಚ್ 8–8.5ಕ್ಕೆ ತನ್ನಿ. 0.5 ಮಿ.ಲೀ.ನ ಹಲವು ಪಾಲು ಮಾಡಿ ಒಂದೊಂದಕ್ಕೂ ಬೇರೆ ಬೇರೆ ಪ್ರಮಾಣದ ಪ್ರತಿಕಾಯ ಹಾಕಿ, ಕಾಲು ಗಂಟೆ ಬಿಟ್ಟು, ಶೇ 10ರ ಉಪ್ಪುನೀರು 50 ಮೈಕ್ರೋಲೀಟರ್ ಹಾಕಿ. ನೀಲಿಗೆ ತಿರುಗದೆ ಕೆಂಪಾಗೇ ಉಳಿದ ಪಾಲುಗಳಲ್ಲಿ ಅತಿ ಕಡಿಮೆ ಪ್ರತಿಕಾಯ ಇರುವುದನ್ನು ಆರಿಸಿಕೊಳ್ಳಿ. ತಯಾರಾದ ದ್ರಾವಣ 4 ಡಿಗ್ರಿಯಲ್ಲಿರಲಿ. ಫ್ರೀಜರಿಗೆ ಹೋದರೆ ಮುಗಿಯಿತು.

ಪ್ರಶ್ನೆ: ಬೇಸಿಗೆಯಲ್ಲಿ ಮಾಡಿದ ಸ್ಟ್ರಿಪ್‌ಗಳು ಮಳೆಗಾಲದಲ್ಲಿ ಕೈಕೊಡುತ್ತವೆ. ಏನು ಮಾಡಲಿ?
– ಮೂಡಿಗೆರೆ

ಒಣಗಿಸಿದ ಕಾಫಿ ಬೀಜ ಆಷಾಢದ ಗಾಳಿಗೆ ಹೇಗೆ ತೇವ ಹೀರುತ್ತದೆಂದು ಮೂಡಿಗೆರೆಯವರಿಗೆ ಹೇಳಿಕೊಡಬೇಕೇ? ಚಿನ್ನ ಒಣಗಿಸಿದ ಪ್ಯಾಡ್‌ನ ಪಾಡೂ ಅದೇ. ಸ್ಟ್ರಿಪ್ ಕತ್ತರಿಸಿ ಜೋಡಿಸುವ ಕೋಣೆಯಲ್ಲಿ ಡಿಹ್ಯುಮಿಡಿಫೈಯರ್ ಇಟ್ಟು ತೇವಾಂಶ ಶೇ 30ರೊಳಗೆ ತನ್ನಿ. ಪ್ರತಿ ಸ್ಟ್ರಿಪ್ ಬೇರೆ ಅಲ್ಯೂಮಿನಿಯಂ ಚೀಲದಲ್ಲಿ, ಜೊತೆಗೆ ಸಿಲಿಕಾ ಜೆಲ್. ಫ್ರಿಜ್‌ನಿಂದ ತೆಗೆದ ಚೀಲವನ್ನು ಅರ್ಧ ಗಂಟೆ ಹಾಗೇ ಬಿಟ್ಟು ಕೋಣೆಯ ಬಿಸಿಗೆ ಬಂದ ಮೇಲೆ ಹರಿಯಿರಿ. ಪ್ಯಾಡ್‌ಗೆ ಹಾಕುವ ದ್ರಾವಣದಲ್ಲಿ ಸಕ್ಕರೆ ಇದ್ದರೆ ಚಿನ್ನ ಒಣಗಿದ ಮೇಲೂ ಸಲೀಸಾಗಿ ಬಿಟ್ಟುಕೊಳ್ಳುತ್ತದೆ.

ಪ್ರಶ್ನೆ: ಕಾರ್ಬನ್ ಎಲೆಕ್ಟ್ರೋಡ್‌ನಲ್ಲಿ ಕ್ಲೋರಾಂಫೆನಿಕಾಲ್ ಅಳೆಯುತ್ತಿದ್ದೇವೆ. ಔಷಧ ಇಲ್ಲದಿದ್ದರೂ ವಿದ್ಯುತ್ ಸಂಕೇತ ಬರುತ್ತದೆ. ಆಪ್ಟಮರ್ ಬಳಸಿದರೆ ಸರಿಹೋದೀತೇ?
– ಸಂಶೋಧಕರು, ಹಾಸನ

ಕ್ಲೋರಾಂಫೆನಿಕಾಲ್‌ನ ನೈಟ್ರೋ ಗುಂಪು ಮೈನಸ್ 0.6–0.7 ವೋಲ್ಟ್ ಸುತ್ತ ಅಪಕರ್ಷಣಗೊಳ್ಳುತ್ತದೆ. ದ್ರಾವಣದಲ್ಲಿ ಕರಗಿದ ಆಮ್ಲಜನಕವೂ ಅದೇ ಆಸುಪಾಸಿನಲ್ಲಿ ತಲೆಹಾಕುತ್ತದೆ. ಹತ್ತು ನಿಮಿಷ ಸಾರಜನಕ ಹಾಯಿಸಿ ಆಮೇಲೆ ಅಳೆಯಿರಿ. ಆಗಲೂ ಒಂದು ತೊಡಕಿದೆ. ಮೇಲೆ ಹೇಳಿದ ಮಿ.ಲೀ.ಗೆ 0.6 ನ್ಯಾನೋಗ್ರಾಂ ಎಂದರೆ ಸುಮಾರು 2 ನ್ಯಾನೋಮೋಲಾರ್. ಬರಿಯ ಕಾರ್ಬನ್ ಅಷ್ಟು ಆಳಕ್ಕೆ ಇಳಿಯುವುದು ಕಷ್ಟ. ಆಪ್ಟಮರ್, ಅಂದರೆ ಮಡಿಚಿಕೊಂಡು ಔಷಧದ ಅಣುವನ್ನು ಹಿಡಿಯುವ ಡಿಎನ್‌ಎ ಎಳೆ, ಅದರ ಕಡೆ ಹೋಗುವುದು ಸರಿಯೇ.

ಚಿನ್ನದ ಎಲೆಕ್ಟ್ರೋಡ್ ಮೇಲೆ ಗಂಧಕದ ತುದಿಯ, ವಿದ್ಯುತ್ ಸಂಕೇತ ಕೊಡುವ ಮೆಥಿಲೀನ್ ಬ್ಲೂ ಬಣ್ಣ ಅಂಟಿಸಿದ ಆಪ್ಟಮರನ್ನು ಸುಮಾರು 1 ಮೈಕ್ರೋಮೋಲಾರ್‌ನಲ್ಲಿ ರಾತ್ರಿಯಿಡೀ ಕೂರಿಸಿ, ಖಾಲಿ ಉಳಿದ ಜಾಗವನ್ನು 1 ಮಿಲಿಮೋಲಾರ್ ಮರ್ಕ್ಯಾಪ್ಟೋಹೆಕ್ಸನಾಲ್‌ನಿಂದ ಒಂದು ಗಂಟೆ ಮುಚ್ಚಿ. ಈ ಮುಚ್ಚುವ ಹಂತ ಬಿಟ್ಟರೆ ಮಾಂಸದ ಪ್ರೋಟೀನು ಬಂದು ಕೂತುಕೊಳ್ಳುತ್ತದೆ. ಮೆಗ್ನೀಸಿಯಂ ಬೇಡುವ ಆಪ್ಟಮರ್ ಆಗಿದ್ದರೆ ಸಾರಕ್ಕೆ ಇಡಿಟಿಎ ಸೇರಿಸಬೇಡಿ, ಅದು ಮೆಗ್ನೀಸಿಯಂ ಕಿತ್ತುಕೊಂಡು ಮಡಿಕೆ ಬಿಚ್ಚಿಬಿಡುತ್ತದೆ.

ಬಹಳ ಪ್ರಬಂಧಗಳು ಜಾರುವುದು ಫ್ಲೋರ್‌ಫೆನಿಕಾಲ್ ವಿಷಯದಲ್ಲಿ. ಇದು ಅದೇ ಕುಟುಂಬದ, ಆದರೆ ಅನುಮತಿ ಇರುವ ಔಷಧ. ಯುರೋಪಿನಲ್ಲಿ ಕೋಳಿ ಮಾಂಸದಲ್ಲಿ ಕೆ.ಜಿ.ಗೆ 100 ಮೈಕ್ರೋಗ್ರಾಂವರೆಗೆ ಇರಬಹುದು. ನಿಮ್ಮ ಆಪ್ಟಮರ್ ಇದನ್ನು ಶೇ 1ರಷ್ಟು ಮಾತ್ರ ಗುರುತಿಸಿದರೂ 1 ಮೈಕ್ರೋಗ್ರಾಂ ಕ್ಲೋರಾಂಫೆನಿಕಾಲ್ ಇದ್ದಂತೆ ತೋರುತ್ತದೆ, ಅಂದರೆ 0.15ರ ಆರು ಪಟ್ಟಿಗೂ ಹೆಚ್ಚು. ‘ಶೇ 1ಕ್ಕಿಂತ ಕಡಿಮೆ ಅಡ್ಡಪ್ರತಿಕ್ರಿಯೆ’ ಎಂದು ಬರೆದು ಮುಂದೆ ಸಾಗುವಂತಿಲ್ಲ. ನೇರ ನೈಟ್ರೋ ಅಳತೆಗೆ ಮಾತ್ರ ಈ ಕಾಟವಿಲ್ಲ, ಫ್ಲೋರ್‌ಫೆನಿಕಾಲ್‌ನಲ್ಲಿ ಆ ಗುಂಪೇ ಇಲ್ಲ.

ಪ್ರಶ್ನೆ: ಫ್ಯುರಾಜೋಲಿಡೋನ್ ತಿನ್ನಿಸಿದ್ದು ಗೊತ್ತಿದ್ದೂ ಮಾಂಸದಲ್ಲಿ ಸಿಗುತ್ತಿಲ್ಲ. ಯಾಕೆ?
– ಸಕಲೇಶಪುರ

ಫ್ಯುರಾಜೋಲಿಡೋನ್ ಒಂದು ನೈಟ್ರೋಫ್ಯುರಾನ್. ಮೂಲ ಔಷಧ ಕೆಲವೇ ಗಂಟೆಗಳಲ್ಲಿ ಒಡೆದುಹೋಗುತ್ತದೆ. ಅದರ ಚೂರಾದ ಎಒಜೆಡ್ ಮಾಂಸದ ಪ್ರೋಟೀನಿಗೆ ಅಂಟಿಕೊಂಡು ವಾರಗಟ್ಟಲೆ ಉಳಿಯುತ್ತದೆ, ಬೇಯಿಸಿದರೂ ಹೋಗದು. ಹುಡುಕಬೇಕಾದದ್ದು ಅದನ್ನು. 1 ಗ್ರಾಂ ಮಾಂಸಕ್ಕೆ ನೀರು 4 ಮಿ.ಲೀ., 1 ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲ 0.5 ಮಿ.ಲೀ., 10 ಮಿಲಿಮೋಲಾರ್ ನೈಟ್ರೋಬೆಂಜಾಲ್ಡಿಹೈಡ್ 100 ಮೈಕ್ರೋಲೀಟರ್ ಸೇರಿಸಿ 37 ಡಿಗ್ರಿಯಲ್ಲಿ ರಾತ್ರಿಯಿಡೀ ಇಡಿ. ಆಮ್ಲ ಚೂರನ್ನು ಬಿಡಿಸುತ್ತದೆ, ಆಲ್ಡಿಹೈಡ್ ಅದಕ್ಕೊಂದು ಬಾಲ ಕಟ್ಟುತ್ತದೆ. ಎಒಜೆಡ್‌ನ ಅಣುತೂಕ ಬರೀ 102, ಆ ಬಾಲವಿಲ್ಲದೆ ಪ್ರತಿಕಾಯಕ್ಕೆ ಹಿಡಿಯಲು ಏನೂ ಸಿಗದು. ಆಲ್ಡಿಹೈಡ್ ಬೆಳಕಿಗೆ ಕೆಡುತ್ತದೆ, ಆಗಿಂದಾಗ ಕಲಸಿ ಕತ್ತಲಲ್ಲಿಡಿ. ಬೆಳಿಗ್ಗೆ ಪಿಎಚ್ 7ಕ್ಕೆ ತಂದ ಮೇಲೆಯೇ ಈಥೈಲ್ ಅಸಿಟೇಟ್.

ಮಾಂಸಕ್ಕೆ ಔಷಧ ಬೆರೆಸಿ ಪರೀಕ್ಷಿಸಿದರೆ ಈ ಬಿಡಿಸುವ ಹಂತ ಸರಿಯಾಗಿದೆಯೇ ಎಂದು ತಿಳಿಯುವುದಿಲ್ಲ. ಔಷಧ ತಿನ್ನಿಸಿದ ಪ್ರಾಣಿಯ ಮಾಂಸವೇ ಬೇಕು, ಅದಕ್ಕೆ ಸಂಸ್ಥೆಯ ಪ್ರಾಣಿ ನೀತಿ ಸಮಿತಿಯ ಒಪ್ಪಿಗೆ ಬೇಕು. ಬ್ರೆಡ್ ಪುಡಿ ಮೆತ್ತಿದ ನಗೆಟ್ಸ್‌ನಲ್ಲಿ ಇನ್ನೊಂದು ನೈಟ್ರೋಫ್ಯುರಾನ್ ಆದ ನೈಟ್ರೋಫ್ಯುರಾಜೋನ್‌ನ ಚೂರಾದ ಸೆಮಿಕಾರ್ಬಜೈಡ್ ಸಿಕ್ಕರೆ ಅವಸರ ಪಡಬೇಡಿ. ಹಿಟ್ಟಿಗೆ ಹಾಕುವ ಅಜೋಡೈಕಾರ್ಬನಮೈಡ್‌ನಿಂದಲೂ ಅದು ಹುಟ್ಟುತ್ತದೆ.

ಪ್ರಶ್ನೆ: ಸ್ಟ್ರಿಪ್ ‘ಇದೆ’ ಎಂದರೆ ಸರಕು ಕೊಟ್ಟವರ ಮೇಲೆ ದೂರು ಕೊಡಬಹುದೇ?
– ಮಾಂಸದಂಗಡಿ ಮಾಲೀಕರು, ಬೇಲೂರು

ಸ್ಟ್ರಿಪ್ ಫಲಿತಾಂಶ ಅನುಮಾನ ಮಾತ್ರ, ಸಾಕ್ಷ್ಯಕ್ಕೆ ಮಾನ್ಯತೆ ಪಡೆದ ಪ್ರಯೋಗಾಲಯದ ಎಲ್‌ಸಿ-ಎಂಎಸ್/ಎಂಎಸ್ ವರದಿ ಬೇಕು. ಸ್ಟ್ರಿಪ್ ಕೊಳ್ಳುವಾಗ ತಯಾರಕರನ್ನು ಒಂದು ಮಾತು ಕೇಳಿ: ಗುರಿಯ ಮಟ್ಟದಲ್ಲಿ ಔಷಧ ಬೆರೆಸಿದ 20 ಮಾದರಿಗಳಲ್ಲಿ ಎಷ್ಟು ತಪ್ಪಿಸಿಕೊಂಡವು? ಒಂದಕ್ಕಿಂತ ಹೆಚ್ಚಾದರೆ ಬೇಡ. ಮಾದರಿ ತೆಗೆಯುವವರ ಕೈ ಮೇಲೂ ಕಣ್ಣಿರಲಿ. ಕಣ್ಣಿಗೆ ಹಚ್ಚುವ ಕೆಲವು ಮುಲಾಮುಗಳು ಕ್ಲೋರಾಂಫೆನಿಕಾಲ್‌ನವೇ. ಅದನ್ನು ಮುಟ್ಟಿದ ಬೆರಳು ಮಾಂಸ ಮುಟ್ಟಿದರೆ ಸಾಕು, ಗೆರೆ ಮಾಯ. ಹೊಸ ಕೈಗವಸು ಹಾಕಿ 200 ಗ್ರಾಂ ಮಾಂಸ ತೆಗೆದು, ಎರಡು ಚೀಲ ಮಾಡಿ, ದಿನಾಂಕ ಬರೆದು, ಒಂದನ್ನು ಮೈನಸ್ 20 ಡಿಗ್ರಿಯಲ್ಲಿ ಮುಟ್ಟದೆ ಇಡಿ. ತಕರಾರು ಬಂದಾಗ ತೆರೆಯುವುದು ಆ ಎರಡನೇ ಚೀಲ.