ಕಾಡಿನ ತಿಂಗಳು, ಮನೆಯ ತಿಂಗಳು

ಶಿವಮೊಗ್ಗದ ಓದುಗರೊಬ್ಬರ ಪತ್ರ: ನಾವು ಕೆಲವು ಗೆಳೆಯರು ತಿಂಗಳಿಗೊಂದು ವಿಷಯ ಗೊತ್ತುಮಾಡಿಕೊಂಡು ಜನಪ್ರಿಯ ಕನ್ನಡ ಚಿತ್ರಗಳನ್ನು ನೋಡುತ್ತೇವೆ, ತಿಂಗಳ ಕೊನೆಗೆ ಒಬ್ಬರ ಮನೆಯಲ್ಲಿ ಕೂತು ಚರ್ಚಿಸುತ್ತೇವೆ. ಪ್ರೇಮ, ಪೊಲೀಸ್, ಹಾಸ್ಯ, ಭಕ್ತಿ ಮುಗಿದವು. ಪ್ರತಿ ಸಲವೂ ಮಾತು ಯಾವ ನಟ ದೊಡ್ಡವರು ಎಂಬಲ್ಲಿಗೆ ಬಂದು ನಿಂತುಬಿಡುತ್ತದೆ. ಜನಪ್ರಿಯ ಚಿತ್ರಗಳಲ್ಲಿ ಚರ್ಚೆಗೆ ಬೇಕಾದ ತಿರುಳೇ ಇಲ್ಲವೇ? ನಾವು ಕಲಾತ್ಮಕ ಚಿತ್ರಗಳ ಕಡೆಗೆ ಹೊರಳಬೇಕೇ?

ಸಂಪಾದಕರ ಉತ್ತರ:

ಮಾನ್ಯರೇ, ದಯವಿಟ್ಟು ಹೊರಳಬೇಡಿ. ಕೊರತೆ ಇರುವುದು ನೀವು ಆರಿಸಿಕೊಂಡ ವಿಷಯಗಳಲ್ಲಿ, ಚಿತ್ರಗಳು ನಿರ್ದೋಷಿಗಳು. ಪ್ರೇಮ, ಪೊಲೀಸ್, ಹಾಸ್ಯ ಎಂಬ ಹೆಸರುಗಳು ಒಂದು ಚಿತ್ರ ಯಾವ ಬಗೆಯದು ಎಂದಷ್ಟೇ ಹೇಳುತ್ತವೆ. ಒಂದೇ ಬಗೆಯ ನಾಲ್ಕು ಚಿತ್ರಗಳನ್ನು ಸಾಲಾಗಿ ನೋಡಿದಾಗ ಹೋಲಿಸುವುದಕ್ಕೆ ಉಳಿಯುವುದು ನಟರು ಮಾತ್ರ, ಆದ್ದರಿಂದಲೇ ಮಾತು ಅಲ್ಲಿಗೆ ಹರಿಯುತ್ತದೆ. ಒಂದೇ ಪ್ರಶ್ನೆಗೆ ಬೇರೆ ಬೇರೆ ಉತ್ತರ ಕೊಡುವ, ಒಂದರೊಡನೊಂದು ಜಗಳಕ್ಕೆ ನಿಲ್ಲುವ ಚಿತ್ರಗಳನ್ನು ಒಂದು ತಿಂಗಳಿಗೆ ತನ್ನಿ.

ನಾನಾಗಿದ್ದರೆ ಮೊದಲ ತಿಂಗಳಿಗೆ ಕಾಡನ್ನು ಇಟ್ಟುಕೊಳ್ಳುತ್ತಿದ್ದೆ. 'ಗಂಧದ ಗುಡಿ' ತೆರೆಗೆ ಬಂದದ್ದು 1973ರಲ್ಲಿ. ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದು ಒಂದೇ ವರ್ಷವಾಗಿತ್ತು. ಹುಲಿ ಯೋಜನೆ ಶುರುವಾಗಿ ಬಂಡೀಪುರ ಅದರ ಮೊದಲ ಒಂಬತ್ತು ತಾಣಗಳಲ್ಲಿ ಒಂದಾದದ್ದೂ, ಮೈಸೂರು ರಾಜ್ಯ ಕರ್ನಾಟಕವಾದದ್ದೂ ಅದೇ ವರ್ಷ. ಆ ಚಿತ್ರದ ನಾಯಕ ಅರಣ್ಯಾಧಿಕಾರಿ. ಖಾಕಿ ತೊಟ್ಟ ರಾಜ್‌ಕುಮಾರ್ ಕಾಡಿಗೆ ಕಾಲಿಟ್ಟರೆ ಕಾಡು ಉಳಿಯಿತು ಎಂದು ಪ್ರೇಕ್ಷಕ ನಂಬುತ್ತಾನೆ. ಕಾಡಿಗೆ ಕಂಟಕ ಕಳ್ಳಸಾಗಣೆದಾರರಿಂದ, ಕಾವಲು ಸರ್ಕಾರದಿಂದ; ಈ ಹಂಚಿಕೆಯಲ್ಲಿ ಚಿತ್ರಕ್ಕೆ ಯಾವ ಅನುಮಾನವೂ ಇಲ್ಲ.

ಅದರ ಮರುವಾರವೇ 'ಕಾಂತಾರ' ನೋಡಿ. ಸುಮಾರು ಅರ್ಧ ಶತಮಾನದ ನಂತರ, 2022ರ ಸೆಪ್ಟೆಂಬರ್ 30ರಂದು ಬಂದ ಚಿತ್ರ. ಇಲ್ಲಿ ಅದೇ ಖಾಕಿ ಊರಿನವರ ಎದೆಯಲ್ಲಿ ನಡುಕ ಹುಟ್ಟಿಸುತ್ತದೆ. ಸೌದೆ ತಂದರೆ ಅಪರಾಧ, ಬೇಟೆಯಾಡಿದರೆ ಅಪರಾಧ, ತಲೆಮಾರುಗಳಿಂದ ಬಾಳಿದ ನೆಲವನ್ನು ಮೀಸಲು ಅರಣ್ಯಕ್ಕೆ ಸೇರಿಸಿ ಗಡಿ ಎಳೆಯಲಾಗುತ್ತದೆ. ಆದರೂ ಚಿತ್ರ ಅಧಿಕಾರಿಯನ್ನು ಖಳನನ್ನಾಗಿ ಮಾಡಿ ಕೈತೊಳೆದುಕೊಳ್ಳುವುದಿಲ್ಲ. ನೆಲದ ಮೇಲೆ ಕಣ್ಣಿಟ್ಟಿರುವುದು ಊರಿನ ಒಡೆಯ ಎಂದು ತಿಳಿದಾಗ ಆ ಅಧಿಕಾರಿಯೇ ಜನರ ಪಕ್ಕದಲ್ಲಿ ನಿಲ್ಲುತ್ತಾನೆ. 1973ರ ಪ್ರೇಕ್ಷಕ ಕೇಳದ ಪ್ರಶ್ನೆಯನ್ನು 2022ರ ಪ್ರೇಕ್ಷಕ ಕೇಳಿದ್ದೇಕೆ? ಈ ನಡುವೆ ಮಲೆನಾಡಿನಲ್ಲಿ ಏನೇನು ನಡೆದುಹೋಯಿತು? ಶಿವಮೊಗ್ಗದಲ್ಲಿ ಕೂತು ಮಾತನಾಡುವವರಿಗೆ ಇದು ದೂರದ ಸಂಗತಿಯಲ್ಲ. ನಿಮ್ಮ ಗುಂಪಿನಲ್ಲಿ ಶರಾವತಿಯ ಮುಳುಗಡೆಯಿಂದ ಎದ್ದುಬಂದ ಕುಟುಂಬದವರು ಯಾರಾದರೂ ಇದ್ದರೆ ಅಂದಿನ ಮಾತನ್ನು ಅವರಿಂದಲೇ ಶುರುಮಾಡಿ. ಇನ್ನೊಂದು ಸಂಗತಿ: 'ಕಾಂತಾರ' ಬಂದು ತಿಂಗಳು ತುಂಬುವ ಮೊದಲೇ, ಅಕ್ಟೋಬರ್ 28ರಂದು, ಪುನೀತ್ ರಾಜ್‌ಕುಮಾರ್ ತಾವಾಗಿಯೇ ಕಾಣಿಸಿಕೊಂಡು ಕಾಡು ಸುತ್ತುವ 'ಗಂಧದ ಗುಡಿ' ಎಂಬ ಸಾಕ್ಷ್ಯಚಿತ್ರ ಬಿಡುಗಡೆಯಾಯಿತು. ತಂದೆ ಪಾತ್ರವಾಗಿ ಕಾದ ಕಾಡಿಗೆ ಮಗ ನೋಡುಗನಾಗಿ ಹೋದದ್ದು ಅದು. ಈ ಮೂರನ್ನು ಒಟ್ಟಿಗೆ ಇಟ್ಟುಕೊಂಡ ಮೇಲೆ ಯಾವ ನಟ ದೊಡ್ಡವರು ಎಂಬ ಮಾತಿಗೆ ಬಿಡುವು ಸಿಗುವುದು ಕಷ್ಟ.

ಎರಡನೆಯ ತಿಂಗಳಿಗೆ ಮನೆ. ದೊರೆ–ಭಗವಾನ್ ಅವರ 'ಕಸ್ತೂರಿ ನಿವಾಸ' ಮತ್ತು ಪುಟ್ಟಣ್ಣ ಕಣಗಾಲರ 'ಶರಪಂಜರ' ಎರಡೂ 1971ರವು. ಸಿದ್ದಲಿಂಗಯ್ಯನವರ 'ಬಂಗಾರದ ಮನುಷ್ಯ' 1972ರದು. ಮೂರೂ ಜನ ಮುಗಿಬಿದ್ದು ನೋಡಿದ ಚಿತ್ರಗಳು, ಮೂರೂ ಮನೆಯ ಬಗ್ಗೆಯೇ ಮಾತನಾಡುತ್ತವೆ. ಒಂದರಲ್ಲಿ ಕೊಡುವ ಕೈ ಹಿಂತೆಗೆಯಲಾರದೆ ಬರಿಗೈಯಾದ ರವಿವರ್ಮ. ಇನ್ನೊಂದರಲ್ಲಿ ಅಕ್ಕನ ಸಂಸಾರವನ್ನು ಎತ್ತಿ ನಿಲ್ಲಿಸಿ, ಬಂಜರು ನೆಲವನ್ನು ಹಸಿರು ಮಾಡಿ, ಕೊನೆಗೆ ಒಂದು ಅನುಮಾನದ ಮಾತಿಗೆ ಎದ್ದು ಹೊರಟುಹೋಗುವ ರಾಜೀವ. ಇವರಿಬ್ಬರಿಗಾಗಿ ಕರ್ನಾಟಕ ಕಣ್ಣೀರು ಹಾಕಿತು. 'ಶರಪಂಜರ'ದ ಕಾವೇರಿ ಮಾತ್ರ ಬೇರೆ. ಹೆರಿಗೆಯ ನಂತರ ಮನಸ್ಸು ಕದಡಿ, ಚಿಕಿತ್ಸೆ ಪಡೆದು, ಗುಣವಾಗಿ ತನ್ನ ಮನೆಗೇ ಮರಳುತ್ತಾಳೆ, ಆದರೆ ಯಾರೂ ಅವಳನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಬಾಗಿಲೇನೋ ತೆರೆದೇ ಇರುತ್ತದೆ, ಮನಸ್ಸುಗಳು ಮುಚ್ಚಿರುತ್ತವೆ. ಗಂಡಸು ಮನೆ ಬಿಟ್ಟು ಹೋದರೆ ತ್ಯಾಗವಾಗುತ್ತದೆ, ಹೆಂಗಸು ಮನೆಗೆ ಮರಳಿದರೆ ಹೊರೆಯಾಗುತ್ತಾಳೆ. ಒಂದೇ ಕಾಲದ ಪ್ರೇಕ್ಷಕರು ಈ ಎರಡನ್ನೂ ಮೆಚ್ಚಿದ್ದು ಹೇಗೆ? 'ಶರಪಂಜರ'ಕ್ಕೆ ಆಧಾರವಾದ ತ್ರಿವೇಣಿಯವರ ಕಾದಂಬರಿಯನ್ನು ಓದಿದವರು ನಿಮ್ಮಲ್ಲಿದ್ದರೆ ಆ ದಿನ ಅವರೇ ಮೊದಲು ಮಾತನಾಡಲಿ. 'ಶರಪಂಜರ'ವನ್ನು ಕಲ್ಪನಾ ಅವರ ಅಭಿನಯಕ್ಕಾಗಿ ಮಾತ್ರ ನೆನೆಯುವುದು ಅದಕ್ಕೆ ಮಾಡುವ ಅನ್ಯಾಯ ಎಂದೇ ನನ್ನ ನಂಬಿಕೆ.

ಸೆಪ್ಟೆಂಬರಿಗೆ ಮೇಷ್ಟ್ರು ಎಂಬ ವಿಷಯ ಸುಲಭವಾಗಿ ಹೊಳೆಯುತ್ತದೆ, ಹೊಳೆಯಲಿ. ಆದರೆ 'ನಾಗರಹಾವು' ಹಾಕಿ ಚಾಮಯ್ಯ ಮೇಷ್ಟ್ರಿಗೆ ಕೈಮುಗಿದು ಏಳಬೇಡಿ. ಶಿಷ್ಯನ ಪ್ರೀತಿಯನ್ನು ಬಿಡಿಸಿದವರು ಅವರೇ, ಎರಡನೆಯ ಪ್ರೀತಿಗೂ ಅಡ್ಡ ನಿಂತವರು ಅವರೇ. ಅಷ್ಟು ಪ್ರೀತಿಸಿದ ಗುರುವಿಗೆ ಅಷ್ಟು ಹಕ್ಕಿತ್ತೇ ಎಂದು ಕೇಳಿಕೊಳ್ಳಿ. ಕಾಸರಗೋಡಿನ ಕನ್ನಡ ಶಾಲೆಯ ಕಥೆ ಹೇಳುವ 2018ರ ರಿಷಬ್ ಶೆಟ್ಟಿ ಚಿತ್ರವನ್ನು ಜೊತೆಗಿಟ್ಟುಕೊಳ್ಳಬಹುದು.

ವಿಷಯವನ್ನು ಪಂಚಾಂಗಕ್ಕೆ ಕಟ್ಟಿಹಾಕಬೇಕಾಗಿಯೂ ಇಲ್ಲ. 'ಮುಂಗಾರು ಮಳೆ' ಬಿಡುಗಡೆಯಾದದ್ದು 2006ರ ಡಿಸೆಂಬರ್ 29ರಂದು, ಚಳಿಗಾಲದಲ್ಲಿ.

ಕಲಾತ್ಮಕ ಚಿತ್ರಗಳ ಮಾತಿಗೆ ಬರೋಣ. ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣನವರು 1970ರ ದಶಕದಲ್ಲೇ ಹಳ್ಳಿಯ ಜನರ ಮುಂದೆ ಜಗತ್ತಿನ ದೊಡ್ಡ ಚಿತ್ರಗಳನ್ನಿಟ್ಟರು, ಜನ ಕೂತು ನೋಡಿದರು. ನಿಮ್ಮದೇ ಜಿಲ್ಲೆಯ ಆ ಪರಂಪರೆಯ ಬಗ್ಗೆ ನನಗೆ ಆಳವಾದ ಗೌರವವಿದೆ. ಆದರೆ ಅದರ ಹೆಸರಿನಲ್ಲಿ ಜನಪ್ರಿಯ ಚಿತ್ರವನ್ನು ಹೊರಗೆ ನಿಲ್ಲಿಸಬೇಡಿ. ಎರಡನ್ನೂ ಒಂದೇ ತಿಂಗಳಿಗೆ ಕರೆತನ್ನಿ. ಸಾವು ಎಂಬ ವಿಷಯವಿಟ್ಟರೆ 'ಸಂಸ್ಕಾರ'ದ ಪಕ್ಕದಲ್ಲಿ ಮಂಡ್ಯ ಸೀಮೆಯ 'ತಿಥಿ' ಕೂರಬಹುದು, ನಿಮ್ಮ ಗುಂಪಿನವರು ಅತ್ತು ಮೆಚ್ಚಿದ ಯಾವುದಾದರೂ ಚಿತ್ರವೂ ಕೂರಬಹುದು.

ಅಭಿಮಾನಿಗಳನ್ನು ಸುಮ್ಮನಾಗಿಸುವ ಯೋಚನೆಯಿದ್ದರೆ ಬಿಟ್ಟುಬಿಡಿ. ನಿಮ್ಮಲ್ಲಿ ಚಿತ್ರವನ್ನು ಹತ್ತು ಸಲ ನೋಡಿದವರು ಅವರೇ. ಯಾವ ದೃಶ್ಯದಲ್ಲಿ ಚಿತ್ರಮಂದಿರ ಶಿಳ್ಳೆ ಹಾಕಿತು, ಎಲ್ಲಿ ಮೌನವಾಯಿತು ಎಂದು ಅವರನ್ನೇ ಕೇಳಿ. ಅದು ಯಾವ ವಿಮರ್ಶಕನ ಬಳಿಯೂ ಇಲ್ಲದ ಸಾಕ್ಷ್ಯ. ಚರ್ಚೆಯನ್ನು ಇಡೀ ಚಿತ್ರದಿಂದ ಆರಂಭಿಸದೆ ಒಂದು ದೃಶ್ಯದಿಂದ ಆರಂಭಿಸಿ. ಮೊದಲ ಸರದಿ ಚಿತ್ರ ಹಿಡಿಸದವರದ್ದಾಗಲಿ.

ವರ್ಷದಲ್ಲಿ ಒಂದು ತಿಂಗಳನ್ನಾದರೂ ಯಾವ ವಿಷಯವೂ ಇಲ್ಲದೆ ಬಿಡಿ. ಸಿಂಗೀತಂ ಶ್ರೀನಿವಾಸರಾವ್ ಅವರ 'ಪುಷ್ಪಕ ವಿಮಾನ'ವನ್ನು (1987) ನೀವು ಯಾವ ತಿಂಗಳಿಗೆ ಸೇರಿಸುತ್ತೀರಿ? ನಿರುದ್ಯೋಗಕ್ಕೋ, ಹಣಕ್ಕೋ, ಬೆಂಗಳೂರಿಗೋ, ಪ್ರೇಮಕ್ಕೋ? ಒಂದು ಸಂಭಾಷಣೆಯೂ ಇಲ್ಲದ ಆ ಚಿತ್ರದ ಬಗ್ಗೆ ನಿಮ್ಮ ಗುಂಪು ಏನು ಮಾತನಾಡಿತು ಎಂದು ತಿಳಿಯುವ ಆಸೆ ನನಗಿದೆ. ಬರೆದು ಕಳಿಸಿ, ಈ ಪುಟದಲ್ಲೇ ಪ್ರಕಟಿಸುತ್ತೇವೆ.