ಮುರಿಸಿದವರೇ ಮುರಿದಿದೆ ಅಂತ ವಾಪಸ್ ಕಳಿಸಿದ್ರೆ?

ಪ್ರಶ್ನೆ: ಸಂಪಾದಕರೇ, ಸೇನೆಗೆ ಸೇರಿ ಟ್ರೈನಿಂಗ್‌ನ ಏಳನೇ ವಾರದಲ್ಲಿ ಬಲಗಾಲಿನ ಟಿಬಿಯಾದಲ್ಲಿ (ಮೊಣಕಾಲ ಕೆಳಗಿನ ದೊಡ್ಡ ಮೂಳೆ) ಸ್ಟ್ರೆಸ್ ಫ್ರಾಕ್ಚರ್, ಅಂದ್ರೆ ಮತ್ತೆ ಮತ್ತೆ ಭಾರ ಬಿದ್ದು ಮೂಳೆಯಲ್ಲಿ ಬಿಡೋ ಸಣ್ಣ ಬಿರುಕು, ಆಯ್ತು. ನೋವಿದ್ರೂ ಹತ್ತು ದಿನ ಯಾರಿಗೂ ಹೇಳ್ದೆ ಓಡಿದೆ. ಆಮೇಲೆ ಮನೆಗೆ ಕಳಿಸಿದ್ರು. ಪೂರ್ತಿ ವಾಸಿಯಾದ ಮೇಲೆ ಮತ್ತೆ ಅರ್ಜಿ ಹಾಕ್ದೆ, ಓಟ ಪಾಸು, ಪರೀಕ್ಷೆ ಪಾಸು, ಮೆಡಿಕಲ್ ಫೇಲು. ಹಳೇ ಫ್ರಾಕ್ಚರ್ ವಿಷಯ ಫಾರಂನಲ್ಲಿ ನಾನೇ ಬರೆದಿದ್ದೆ. ಬರೀಬಾರದಿತ್ತಾ? ಫ್ರೆಂಡ್ಸ್ ಎಲ್ಲ ಹರಿಶ್ಚಂದ್ರ ಅಂತ ಆಡಿಕೊಳ್ತಿದಾರೆ. ನನ್ನ ಬಾಡಿನೇ ವೇಸ್ಟ್ ಅನ್ನಿಸ್ತಿದೆ. (ಹೆಸರು ಬೇಡ)

ಉತ್ತರ: ನಾಲ್ಕು ಪುಟದ ಪತ್ರಾನ ಇಷ್ಟಕ್ಕೆ ಇಳಿಸಿದ್ದಕ್ಕೆ ಬೇಜಾರು ಮಾಡ್ಕೋಬೇಡಿ, ಜಾಗದ ಸಮಸ್ಯೆ. ಚೆನ್ನಾಗಿ ಬರೀತೀರಿ, ಅದನ್ನ ಮೊದ್ಲು ಹೇಳಿಬಿಡ್ತೀನಿ. ಡಾಕ್ಟರು ನಿಮ್ಮನ್ನ ಒಂಟಿಕಾಲಲ್ಲಿ ಕುಪ್ಪಳಿಸೋಕೆ ಹೇಳಿ, ನೀವು ಕುಪ್ಪಳಿಸ್ತಾ ಇರುವಾಗ ನಿಮ್ಮ ಕಾಲು ನೋಡದೆ ಫೈಲ್‌ನ ಪುಟ ತಿರುವುತ್ತಾ ಇದ್ರು ಅಂತ ಬರೆದಿದೀರಲ್ಲ, ಆ ಸಾಲು ಓದಿದ ಮೇಲೆ ಈ ತಿಂಗಳು ಬೇರೆ ಯಾವ ಪತ್ರಕ್ಕೂ ಉತ್ತರ ಬರೆಯೋ ಮನಸ್ಸಾಗಲಿಲ್ಲ.

ಡಾಕ್ಟರುಗಳ ಪರವಾಗಿ ಹೇಳಬೇಕಾದ್ದು ಒಂದಿದೆ, ಹೇಳಿ ಮುಗಿಸ್ತೀನಿ. ಒಂದ್ಸಲ ಪೆಟ್ಟಾದವರಿಗೆ ಮತ್ತೆ ಪೆಟ್ಟಾಗೋ ಸಾಧ್ಯತೆ ಉಳಿದವರಿಗಿಂತ ಜಾಸ್ತಿ, ಇದು ಕ್ರೀಡೆಯಲ್ಲೂ ಸೇನೆಯಲ್ಲೂ ಮತ್ತೆ ಮತ್ತೆ ಕಂಡಿರೋ ವಿಷಯ. ಬೆನ್ನ ಮೇಲೆ ಭಾರ ಹೊತ್ತು ಹೋಗೋ ತುಕಡಿಯಲ್ಲಿ ಒಬ್ಬನ ಕಾಲು ಕೈಕೊಟ್ರೆ ಅವನನ್ನ ಹೊತ್ಕೊಂಡು ಬರೋಕೆ ನಾಲ್ಕು ಜನ ಬೇಕು. ಅವರ ಭಯಕ್ಕೂ ಅರ್ಥ ಇದೆ. ಸರಿ, ಆಯ್ತು.

ಈಗ ನಿಮ್ಮ ಕಾಲಿನ ವಿಷಯಕ್ಕೆ ಬರೋಣ. ಮೂಳೆ ಜೀವ ಇರೋ ವಸ್ತು, ಮೇಲೆ ಬೀಳೋ ಭಾರಕ್ಕೆ ತಕ್ಕಂಗೆ ತನ್ನನ್ನ ತಾನೇ ಕಟ್ಟಿಕೊಳ್ಳುತ್ತೆ ಅಂತ ಜರ್ಮನಿಯ ಜೂಲಿಯಸ್ ವುಲ್ಫ್ 1892ರಲ್ಲೇ ಬರೆದಿಟ್ಟ. ಆದ್ರೆ ಕಟ್ಟೋಕೆ ಮುಂಚೆ ಕೆಡವಬೇಕು. ಅಭ್ಯಾಸ ಇಲ್ಲದ ಭಾರ ಬಿದ್ದಾಗ ಮೊದ್ಲು ಹಳೇ ಮೂಳೆ ಕರಗಿಸೋ ಜೀವಕೋಶಗಳು ಬಂದು ಸುಮಾರು ಮೂರು ವಾರದಲ್ಲಿ ಕೆಲಸ ಮುಗಿಸ್ತವೆ, ಹೊಸ ಮೂಳೆ ತುಂಬೋ ಕೋಶಗಳಿಗೆ ಸುಮಾರು ಮೂರು ತಿಂಗಳು ಬೇಕು. ಗೋಡೆ ಒಡೆಯೋರು ಬೆಳಿಗ್ಗೇನೇ ಬಂದು ಒಡೆದು ಹೋದ್ರು, ಕಟ್ಟೋ ಮೇಸ್ತ್ರಿ ಇನ್ನೂ ನಾಳೆ ಬರ್ತೀನಿ ಅಂತಿದಾನೆ, ಆ ಸ್ಥಿತಿ. ಆ ಮಧ್ಯದ ವಾರಗಳಲ್ಲೇ ಟ್ರೈನಿಂಗ್ ಜೋರಾಗೋದು, ಉಸಿರು ಪಳಗಿರುತ್ತೆ, ತೊಡೆ ಗಟ್ಟಿಯಾಗಿರುತ್ತೆ, ಹುಡುಗ ಚೆನ್ನಾಗಿ ಓಡ್ತಿದಾನೆ ಅಂತ ಇನ್ನೂ ಓಡಿಸ್ತಾರೆ, ಮೂಳೆ ಮಾತ್ರ ಆಗ ಮೊದಲಿಗಿಂತ ವೀಕಾಗಿರುತ್ತೆ. ನಿಮ್ಮ ಏಳನೇ ವಾರದ ಲೆಕ್ಕ ಇಲ್ಲಿಗೆ ಸರಿಹೋಗುತ್ತೆ. ಇದರಲ್ಲಿ ನಿಮ್ಮ ಬಾಡಿ ವೇಸ್ಟ್ ಅನ್ನೋ ಮಾತು ಎಲ್ಲಿಂದ ಬಂತು ಮಾರಾಯ್ರೇ? ಆ ಪದ ಇನ್ನೊಂದ್ಸಲ ಬರೆದ್ರೆ ಪತ್ರ ಹರಿದು ಹಾಕ್ತೀನಿ.

ಸೇನೆಗಳಿಗೆ ಇದು ಹೊಸದಾ? ಅಲ್ವೇ ಅಲ್ಲ. ಪ್ರಷ್ಯಾದ (ಆಗಿನ ಒಂದು ಜರ್ಮನ್ ರಾಜ್ಯ) ಸೇನಾ ವೈದ್ಯ ಬ್ರೈಟ್‌ಹಾಪ್ಟ್ 1855ರಲ್ಲೇ ಮಾರ್ಚ್ ಮಾಡೋ ಸೈನಿಕರ ಪಾದ ಊದಿಕೊಂಡು ನೋಯೋದನ್ನ ದಾಖಲೆ ಮಾಡಿದ್ದ. ಎಕ್ಸ್‌ರೇ ಬಂದದ್ದು 1895ರಲ್ಲಿ, ಅದು ನಿಜವಾಗಲೂ ಮೂಳೆ ಬಿರುಕು ಅಂತ ಕಂಡದ್ದು 1897ರಲ್ಲಿ. ಅಲ್ಲೀವರೆಗೆ ನಲವತ್ತು ವರ್ಷ ಎಷ್ಟು ಹುಡುಗರು ಸೋಮಾರಿ ಅನ್ನಿಸ್ಕೊಂಡು ಬೈಸ್ಕೊಂಡಿರಬೇಕು ಯೋಚನೆ ಮಾಡಿ. ಎಕ್ಸ್‌ರೇ ಬಂದ ಮೇಲೂ ಕಥೆ ಪೂರ್ತಿ ಬದಲಾಗಲಿಲ್ಲ, ಯಾಕಂದ್ರೆ ಸ್ಟ್ರೆಸ್ ಫ್ರಾಕ್ಚರ್ ಮೊದಲ ಎರಡು ಮೂರು ವಾರ ಎಕ್ಸ್‌ರೇಯಲ್ಲಿ ಎಷ್ಟೋ ಸಲ ಕಾಣೋದೇ ಇಲ್ಲ, ಎಂಆರ್‌ಐ ಬೇಕು. ಫಿಲ್ಮ್ ಕ್ಲೀನಾಗಿದೆ, ನಾಟಕ ಸಾಕು, ಹೋಗಿ ಓಡು!

ನನಗೆ ಗೊತ್ತಿರೋ ನಿವೃತ್ತ ಡ್ರಿಲ್ ಉಸ್ತಾದ್ ಒಬ್ಬರಿದಾರೆ, ನಮ್ಮ ಪತ್ರಿಕೆಯ ಹಳೇ ಚಂದಾದಾರರು, ಅವರು ಹೇಳ್ತಿದ್ರು, ಕಳ್ಳಕುಂಟ ನಾವು ನೋಡುವಾಗ ಕುಂಟ್ತಾನೆ, ನಿಜವಾಗಿ ಪೆಟ್ಟಾದವನು ನಾವು ನೋಡುವಾಗ ನೆಟ್ಟಗೆ ನಡೀತಾನೆ, ಆ ಕಡೆ ತಿರುಗಿದ ತಕ್ಷಣ ಗೋಡೆ ಹಿಡ್ಕೋತಾನೆ ಅಂತ. ನೀವು ಎರಡನೇ ಜಾತಿ. ಹತ್ತು ದಿನ ಮುಚ್ಚಿಟ್ಟು ಓಡಿದ್ದನ್ನ ಪತ್ರದಲ್ಲಿ ಸ್ವಲ್ಪ ಹೆಮ್ಮೆಯಿಂದಲೇ ಬರೆದಿದೀರಿ, ಅದಕ್ಕೆ ನಾನು ಚಪ್ಪಾಳೆ ಹೊಡೆಯಲ್ಲ. ಮೊದಲ ದಿನವೇ ಹೇಳಿ ರೆಸ್ಟ್ ತಗೊಂಡಿದ್ರೆ ಬರೀ ಮೂಳೆ ನೋವಲ್ಲೇ ಮುಗೀತಿತ್ತೋ ಏನೋ. ಆದ್ರೆ ಹೇಳದೇ ಇರೋ ಹಂಗೆ ನಿಮ್ಮನ್ನ ತಯಾರು ಮಾಡಿದ್ದು ಯಾರು? ನೋವು ಅಂದವನು ಹೇಡಿ ಅಂತ ದಿನಾ ಕಿವಿಗೆ ಊದಿದ್ದು ಯಾರು? ಈಗಂತೂ ಫೋನ್ ತೆಗೆದ್ರೆ ಸಾಕು, ಬೆವರು ಸುರಿಸ್ಕೊಂಡು ನೋವೇ ಶಕ್ತಿ ಅಂತ ಕಿರುಚೋ ರೀಲ್ಸು, ಅವರಲ್ಲಿ ಎಷ್ಟು ಜನ ಬೂಟು ಹಾಕ್ಕೊಂಡು ಹತ್ತು ಕಿಲೋಮೀಟರ್ ಓಡಿದಾರೋ ದೇವರೇ ಬಲ್ಲ.

ತಡೆಯೋಕೆ ಆಗದ ಗಾಯ ಆಗಿದ್ರೆ ನಾನೂ ಸುಮ್ಮನಿರ್ತಿದ್ದೆ. ಇಸ್ರೇಲ್ ಸೇನೆ ರಾತ್ರಿ ಕನಿಷ್ಠ ಆರು ಗಂಟೆ ನಿದ್ದೆ ಕಡ್ಡಾಯ ಮಾಡಿ, ಟ್ರೈನಿಂಗ್ ನಿಗದಿ ಮಾಡಿದ್ದಕ್ಕಿಂತ ಮೀರದ ಹಂಗೆ ನೋಡ್ಕೊಂಡಾಗ ಸ್ಟ್ರೆಸ್ ಫ್ರಾಕ್ಚರ್ ಅರ್ಧಕ್ಕಿಂತ ಕಮ್ಮಿ ಆಯ್ತು. ಅಮೆರಿಕದ ನೌಕಾಪಡೆಯಲ್ಲಿ ಐದು ಸಾವಿರಕ್ಕೂ ಹೆಚ್ಚು ಮಹಿಳಾ ರಿಕ್ರೂಟ್‌ಗಳ ಮೇಲೆ ಮಾಡಿದ ಅಧ್ಯಯನ 2008ರಲ್ಲಿ ಪ್ರಕಟವಾಯ್ತು, ಕ್ಯಾಲ್ಸಿಯಂ ಮತ್ತು ವಿಟಮಿನ್ ಡಿ ಮಾತ್ರೆ ಕೊಟ್ಟವರಲ್ಲಿ ಫ್ರಾಕ್ಚರ್ ಶೇಕಡ 20 ಕಮ್ಮಿ. ಆಸ್ಟ್ರೇಲಿಯಾದಲ್ಲಿ ಮಾರ್ಚ್ ವೇಗ ತಗ್ಗಿಸಿ, ಹೆಣ್ಣುಮಕ್ಕಳಿಗೆ ಅವರವರ ಹೆಜ್ಜೆ ಅಳತೆಯಲ್ಲೇ ನಡೆಯೋಕೆ ಬಿಟ್ಟಾಗ ಸೊಂಟದ ಮೂಳೆ ಬಿರುಕು ಬಿಡೋದು ಭಾರಿ ಇಳೀತು. ನಿದ್ದೆ, ಮಾತ್ರೆ, ಹೆಜ್ಜೆ. ರಾಕೆಟ್ ವಿಜ್ಞಾನ ಏನಿಲ್ಲ ಇದರಲ್ಲಿ. ಗೊತ್ತಿದ್ದೂ ಮಾಡದೇ ಹೋದ ಕಡೆ ಮುರಿದ ಕಾಲಿಗೆ ಅರ್ಧ ಜವಾಬ್ದಾರಿ ಆದ್ರೂ ಆ ಸಂಸ್ಥೆದು.

ನನ್ನ ಸಿಟ್ಟು ಇರೋದು ಇಲ್ಲಿ. ಅಮೆರಿಕದಲ್ಲಿ ಸೇನೆಗೆ ಸೇರೋರಿಗೆ ಒಂದು ವೈದ್ಯಕೀಯ ಮಾನದಂಡ, ಒಳಗಿರೋರನ್ನ ಉಳಿಸಿಕೊಳ್ಳೋಕೆ ಬೇರೆ ಮಾನದಂಡ, ಎರಡೂ ಬೇರೆ ಬೇರೆ ಸಂಪುಟ. ಒಳಗಿರೋನ ಕಾಲು ಮುರಿದ್ರೆ ಇವನು ತನ್ನ ಕೆಲಸ ಮಾಡಬಲ್ಲನಾ ಅಂತ ಕೇಳ್ತಾರೆ. ಹೊಸಬನಿಗಾದ್ರೆ ನಿನಗೆ ಹಿಂದೆ ಏನಾಗಿತ್ತು ಅಂತ ಕೇಳ್ತಾರೆ. ಟ್ರೈನಿಂಗ್‌ನಲ್ಲಿ ಪೆಟ್ಟಾಗಿ ಹೊರಗೆ ಬಂದವನು ಒಂದೇ ಗೇಟ್ ದಾಟಿದ ತಪ್ಪಿಗೆ ಮೊದಲ ಪ್ರಶ್ನೆಯಿಂದ ಎರಡನೇ ಪ್ರಶ್ನೆಗೆ ಬೀಳ್ತಾನೆ, ಅದೇ ಕಾಲು, ಅದೇ ಮೂಳೆ. 1971ರ ಯುದ್ಧದಲ್ಲಿ ನೆಲಬಾಂಬ್‌ಗೆ ಸಿಕ್ಕ ತಮ್ಮ ಕಾಲನ್ನ ತಾವೇ ಖುಕ್ರಿಯಿಂದ (ಗೂರ್ಖಾಗಳ ಬಾಗಿದ ಕತ್ತಿ) ಕತ್ತರಿಸಿಕೊಂಡ ನಮ್ಮ ಸೇನೆಯ ಅಧಿಕಾರಿ ಇಯಾನ್ ಕಾರ್ಡೋಜೊ ಆಮೇಲೆ ಬೆಟಾಲಿಯನ್ ಕಮಾಂಡ್ ಮಾಡಿದ್ರು. ಸೋವಿಯತ್ ಪೈಲಟ್ ಮರೇಸ್ಯೆವ್‌ಗೆ 1942ರಲ್ಲಿ ಎರಡೂ ಕಾಲು ಹೋಯ್ತು, 1943ರಲ್ಲಿ ಮತ್ತೆ ಫೈಟರ್ ಹಾರಿಸ್ತಿದ್ದ. ಇವರಿಗೆಲ್ಲ ಕೈ ಮುಗೀತೀನಿ. ಇವರಿಬ್ಬರೂ ಒಳಗಿದ್ದವರು ಅನ್ನೋದನ್ನ ಮಾತ್ರ ಮರೀಬಾರದು.

ನಿಮ್ಮ ಹಂಗೆ ಹೊರಗಿಂದ ಬಾಗಿಲು ತಟ್ಟಿದವನು ಇಂಗ್ಲೆಂಡಿನ ಡಗ್ಲಸ್ ಬೇಡರ್. 1931ರ ಡಿಸೆಂಬರ್‌ನಲ್ಲಿ ವಿಮಾನ ಅಪ್ಪಳಿಸಿ ಎರಡೂ ಕಾಲು ಕಳ್ಕೊಂಡ, ಕೃತಕ ಕಾಲಲ್ಲಿ ವಿಮಾನ ಹಾರಿಸಿ ತೋರಿಸಿದ, ಆದ್ರೂ 1933ರಲ್ಲಿ ಮನೆಗೆ ಕಳಿಸಿದ್ರು. 1939ರಲ್ಲಿ ಯುದ್ಧ ಶುರುವಾಯ್ತು ನೋಡಿ, ಅದೇ ವಾಯುಪಡೆ, ಅದೇ ಮನುಷ್ಯ, ಬಾ ಅಂದ್ರು. ಮುಂದಿನ ವರ್ಷ ಬ್ರಿಟನ್ ಮೇಲಿನ ವಾಯುಯುದ್ಧದಲ್ಲಿ ಸ್ಕ್ವಾಡ್ರನ್ ನಡೆಸಿದ. ಆರು ವರ್ಷದಲ್ಲಿ ಅವನ ಕಾಲೇನೂ ಮತ್ತೆ ಬೆಳೆದಿರಲಿಲ್ಲ, ಬೇಕಾಗಿತ್ತು, ಕರೆದ್ರು. ಸಾಲಲ್ಲಿ ಸಾವಿರ ಜನ ನಿಂತಾಗ ಮೂಳೆ ಬಿರುಕು ದೊಡ್ಡದಾಗಿ ಕಾಣುತ್ತೆ, ಜನ ಸಿಗದೇ ಇದ್ದಾಗ ಅದೇ ಬಿರುಕು ಕಣ್ಣಿಗೇ ಬೀಳಲ್ಲ. ಇದನ್ನ ಬಾಯ್ಬಿಟ್ಟು ಹೇಳೋ ಧೈರ್ಯ ಯಾವ ಬೋರ್ಡಿಗೂ ಇಲ್ಲ, ಮೆಡಿಕಲ್ ಕಾರಣ ಅಂತ ಒಂದು ಸಾಲು ಗೀಚಿ ಕಳಿಸ್ತಾರೆ.

ಬರೀ ಸೇನೆ ಅಂತಲ್ಲ. ಇನ್ಶೂರೆನ್ಸ್ ಫಾರಂ ತುಂಬಿ, ಕೆಲಸದ ಫಾರಂ ತುಂಬಿ, ಹಳೇ ಕಾಯಿಲೆ ಅನ್ನೋ ಕಾಲಂನಲ್ಲಿ ಏನೂ ಇಲ್ಲ ಅಂದವನಿಗೆ ರಾಜಮರ್ಯಾದೆ, ಇದ್ದದ್ದು ಇದ್ದಂಗೆ ಬರೆದವನಿಗೆ ನೂರೆಂಟು ಪ್ರಶ್ನೆ. ವಾಸಿಯಾಗಿದೆ ಅಂತ ಬರೆಯೋಕೆ ಆ ಫಾರಂಗಳಲ್ಲಿ ಜಾಗವೇ ಇರಲ್ಲ ಗಮನಿಸಿದೀರಾ? ಆಗಿತ್ತು ಅನ್ನೋಕೆ ಒಂದು ಡಬ್ಬಿ, ಈಗ ಹೇಗಿದೀರಿ ಅನ್ನೋಕೆ ಡಬ್ಬಿ ಇಲ್ಲ. ಜನ ಸುಳ್ಳು ಕಲಿಯೋದು ಇಂಥ ಕಡೆಯೇ, ಕಲಿಸಿದವರೇ ಆಮೇಲೆ ಪ್ರಾಮಾಣಿಕತೆ ಬಗ್ಗೆ ಭಾಷಣಾನೂ ಮಾಡ್ತಾರೆ.

ಆದ್ರೂ ಫ್ರೆಂಡ್ಸ್ ಮಾತು ಕೇಳಬೇಡಿ. ಟ್ರೈನಿಂಗ್ ಆಸ್ಪತ್ರೆಯ ಕಾಗದ ಅವರ ಹತ್ರಾನೇ ಇರುತ್ತೆ, ಮುಚ್ಚಿಟ್ಟು ಸೇರಿ ಆಮೇಲೆ ಸಿಕ್ಕಿಬಿದ್ರೆ ಕೆಲಸಾನೂ ಹೋಗುತ್ತೆ, ಹೆಸರೂ ಹೋಗುತ್ತೆ. ಅಮೆರಿಕದಲ್ಲಂತೂ 2022ರಿಂದ ಅಭ್ಯರ್ಥಿಯ ಹಳೇ ಚಿಕಿತ್ಸೆಯ ದಾಖಲೆ ಕಂಪ್ಯೂಟರ್‌ನಲ್ಲೇ ಎದುರಿಗೆ ಬರೋ ವ್ಯವಸ್ಥೆ ಬಂದಿದೆ.

ಈಗ ಮಾಡಬೇಕಾದ್ದು: ಫೇಲ್ ಯಾಕೆ ಅಂತ ಬರವಣಿಗೆಯಲ್ಲಿ ಕೇಳಿ, ತಾತ್ಕಾಲಿಕವೋ ಶಾಶ್ವತವೋ ಅದನ್ನೂ ಕೇಳಿ. ಮೇಲ್ಮನವಿಗೆ ಅವಕಾಶ ಇದ್ರೆ ಗಡುವು ಮೊದ್ಲು ನೋಡಿ, ಎಷ್ಟೋ ಜನ ಬೇಜಾರಲ್ಲೇ ಕೂತು ಅದನ್ನ ಕಳ್ಕೋತಾರೆ. ಮೂಳೆ ತಜ್ಞರ ಹತ್ರ ಹೋಗಿ ಹೊಸ ಎಂಆರ್‌ಐ ಜೊತೆಗೆ ಪತ್ರ ತಗೊಳ್ಳಿ, ಅದರಲ್ಲಿ ಮೂಳೆ ಕೂಡಿದೆ ಅಂತ ಬರೆದ್ರೆ ಸಾಲದು, ಎಷ್ಟು ತಿಂಗಳಿಂದ ನೋವಿಲ್ಲದೆ ಎಷ್ಟು ದೂರ ಎಷ್ಟು ಭಾರ ಹೊತ್ತು ಓಡ್ತಿದೀರಿ ಅಂತ ಇರಬೇಕು. ವಿಟಮಿನ್ ಡಿ ಚೆಕ್ ಮಾಡಿಸಿ. ಆ ಟ್ರೈನಿಂಗ್‌ನ ನಿಮ್ಮ ಹಳೇ ವೈದ್ಯಕೀಯ ದಾಖಲೆಯ ಪ್ರತಿ ಬೇಕು ಅಂತಾನೂ ಅರ್ಜಿ ಹಾಕಿ, ಗಾಯ ಎಲ್ಲಿ, ಯಾವ ವಾರ, ಯಾರ ಸುಪರ್ದಿಯಲ್ಲಿ ಆಯ್ತು ಅನ್ನೋದು ನಿಮ್ಮ ಮೇಲ್ಮನವಿಯ ಮೊದಲ ಪುಟದಲ್ಲೇ ಇರಲಿ, ಅದನ್ನ ಓದದೆ ಪುಟ ತಿರುವೋಕೆ ಅವರಿಗೂ ಸ್ವಲ್ಪ ಕಷ್ಟ ಆಗಲಿ.

-ಸಂ.